ಮೇಷ್ಟ್ರ ಎಡಗಣ್ಣು

ಎದುರಿಗೆ ಕೂತ ಗಿರಾಕಿ ತನ್ನ ಬಾಯಿಯನ್ನೇ ನೋಡುತ್ತಿದ್ದಾನೆ ಎಂದು ತಿಳಿಯಲು ಅವಳಿಗೆ ಎರಡು ನಿಮಿಷವೂ ಬೇಕಾಗಲಿಲ್ಲ.

ಕಣ್ಣಿನ ಪರೀಕ್ಷೆಯ ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೆ ಅಳತೆಯ ಫ್ರೇಮ್ ಇಟ್ಟು, "ಮೇಲಿನ ಸಾಲು ಓದಿ" ಎಂದಳು. ಓದಿದ. "ಕೆಳಗಿನದು." ಓದಿದ. ಅದರ ಕೆಳಗಿನದನ್ನೂ ಓದಿದ. ಬಿಟ್ಟಿದ್ದರೆ ಬೋರ್ಡಿನ ಮೂಲೆಯಲ್ಲಿ ಇರುವೆ ಗಾತ್ರದಲ್ಲಿದ್ದ ಕಂಪನಿಯ ಹೆಸರನ್ನೂ ಓದುತ್ತಿದ್ದ. ಆದರೆ ಒಂದೊಂದು ಸಾಲು ಮುಗಿದಾಗಲೂ ಅವನ ನೋಟ ಬೋರ್ಡಿನಿಂದ ಜಾರಿ ನೇರ ಅವಳ ತುಟಿಯ ಮೇಲೆ ಬಂದು ಕೂರುತ್ತಿತ್ತು.

"ರೀ, ಬೋರ್ಡು ಅಲ್ಲಿದೆ."

"ಹೂಂ, ಗೊತ್ತು."

"ಮತ್ತೆ ಇಲ್ಲೇನು ನೋಡ್ತಿದೀರಿ?"

ಅವನ ಕಿವಿಗಳು ಕೆಂಪಗಾದವು. "ಮೇಲಿನ ಎಡಗಡೆ ಎರಡನೇ ಹಲ್ಲು ಮೇಡಂ. ಒಂಚೂರು ತಿರುಗಿದೆ. ನಾನು ಮಾಡಿದ್ರೂ ಅದನ್ನ ಹಾಗೇ ಬಿಡ್ತಿದ್ದೆ. ನೆಟ್ಟಗೆ ಮಾಡಿದ್ರೆ ಚಂದ ಕೆಡುತ್ತೆ."

ಹುಡುಗಿಯನ್ನು ಹೊಗಳಲು ಈ ದಾರಿಯನ್ನು ಅವಳು ಈವರೆಗೆ ಕಂಡಿರಲಿಲ್ಲ. "ನೀವು ಮಾಡೋದಾ? ನನ್ನ ಹಲ್ಲನ್ನ?"

ಅವನು ಬೆರಳೆತ್ತಿ ಚಾವಣಿ ತೋರಿಸಿದ. ಮೇಲಿನ ಮಹಡಿಯಲ್ಲಿ ಹಲ್ಲುಸೆಟ್ಟು ತಯಾರಿಸುವ ಲ್ಯಾಬ್ ಇತ್ತು.

ಕೌಂಟರಿನ ಹಿಂದಿನಿಂದ ಅತ್ತೆ ತಲೆಯೆತ್ತಿದಳು. ಅಪ್ಪನ ತಂಗಿ, ಕನ್ನಡಕದ ಅಂಗಡಿಯ ಯಜಮಾನಿ. ಯಾರಿಗೂ ಹೆದರಿ ಮಾತಾಡಿದವಳಲ್ಲ. "ಓಹೋ, ಎರಡು ವರ್ಷದಿಂದ ನಮ್ಮ ತಲೆ ಮೇಲೆ ಗುಂಯ್ ಗುಂಯ್ ಅಂತ ಮೆಷಿನ್ ಓಡಿಸ್ತಿರೋ ಪುಣ್ಯಾತ್ಮ ನೀನೇನಾ?"

"ನಾನೇ ಆಂಟಿ."

"ಒಳ್ಳೇದಾಯ್ತು. ಮುಖ ನೋಡಿ ಬೈಯಬೇಕು ಅಂತ ಆಸೆ ಇತ್ತು."

ಪರೀಕ್ಷೆ ಮುಗಿಯಿತು. ಅವನ ಪವರ್ ಕಾಲು ಪಾಯಿಂಟ್. ಅಷ್ಟಕ್ಕೆ ಯಾರೂ ಕನ್ನಡಕ ಹಾಕುವುದಿಲ್ಲ ಎಂದು ಅವಳು ಚೀಟಿ ಹರಿದಳು. ಅವನು ಎದ್ದವನು ಬಾಗಿಲಿಗೆ ಹೋಗದೆ ಷೋಕೇಸಿನ ಪಕ್ಕದಲ್ಲಿ ಮಂಡಿಯೂರಿ ಕೂತ. ಅಲ್ಲಿ ತಮ್ಮ ಗೂಡಿನಲ್ಲಿ ಮೇಷ್ಟ್ರಿದ್ದರು.

ಮೇಷ್ಟ್ರೆಂದರೆ ಮೊಲ. ಮೈಯೆಲ್ಲ ಬಿಳಿ, ಎರಡು ಕಣ್ಣಿನ ಸುತ್ತ ಮಾತ್ರ ಕಪ್ಪು ಉಂಗುರ, ಥೇಟ್ ದಪ್ಪ ಫ್ರೇಮಿನ ಕನ್ನಡಕ. ದಾರಿಹೋಕರು ಅವರನ್ನು ನೋಡಲು ನಿಂತು, ಆಮೇಲೆ ಒಳಗೆ ಬಂದು ಫ್ರೇಮ್ ಕೊಂಡು ಹೋಗುವುದಿತ್ತು. ಆದರೆ ಮೂರು ವಾರದಿಂದ ಮೇಷ್ಟ್ರ ಎಡಗಣ್ಣು ಸೋರುತ್ತಿತ್ತು. ಲೆನ್ಸ್ ಒರೆಸುವ ಮೆತ್ತನೆಯ ಬಟ್ಟೆಯಲ್ಲಿ ಅವಳು ದಿನಕ್ಕೆ ನಾಲ್ಕು ಸಲ ಒರೆಸಿ ಡ್ರಾಪ್ಸ್ ಹಾಕುತ್ತಿದ್ದಳು.

"ಇವರ ಗದ್ದ ಒದ್ದೆಯಾಗಿದೆ," ಎಂದ ಅವನು.

"ತೊಂದ್ರೆ ಕಣ್ಣಿನದು. ಗದ್ದ ಅಲ್ಲ."

"ಜೊಲ್ಲು ಸುರೀತಿದೆ ಮೇಡಂ. ಹಲ್ಲಿಂದೇ ಇರಬೇಕು. ಮೊಲದ ಹಲ್ಲು ಸಾಯೋತನಕ ಬೆಳೀತಾನೇ ಇರುತ್ತೆ. ಸವೀಲಿಲ್ಲ ಅಂದ್ರೆ ಬೇರು ಮೇಲಕ್ಕೆ ನುಗ್ಗುತ್ತೆ. ಕಣ್ಣೀರು ಮೂಗಿಗಿಳಿಯೋ ನಾಳ ಅದರ ಪಕ್ಕದಲ್ಲೇ ಇದೆ. ನಾಳ ಮುಚ್ಚಿಕೊಂಡ್ರೆ ನೀರು ಕಣ್ಣಿಂದಲೇ ಹೊರಗೆ ಬರಬೇಕು."

"ಓ! ಮೊಲಕ್ಕೂ ಹಲ್ಲುಸೆಟ್ಟು ಮಾಡ್ತೀರೇನು?"

"ಇಲ್ಲ. ಓದಿದೆ."

"ನೋಡಿ, ಕಣ್ಣಿನ ಕೆಲಸ ನಾನು ಆರು ವರ್ಷದಿಂದ ಮಾಡ್ತಿದೀನಿ. ಮಹಡಿ ಮೇಲಿನವರಿಗೆ ಲೋಕವೆಲ್ಲ ಹಲ್ಲಾಗೇ ಕಾಣುತ್ತೆ ಅಂತ ನಾವೂ ಹಾಗೇ ನೋಡೋಕಾಗುತ್ತಾ?"

"ಕೆಳಗಿನವರಿಗೆ ಬರೀ ಕಣ್ಣಾಗಿ ಕಾಣುತ್ತಲ್ಲ, ಅದಕ್ಕೇನು ಮಾಡೋದು?" ಎಂದು ಅವನು ಎದ್ದು ಹೋದ. ಹೋಗುವಾಗ ತಿರುಗಿ ಒಮ್ಮೆ ನೋಡಿದ. ಈ ಸಲ ಬಾಯಿಯನ್ನಲ್ಲ.

ಮರುದಿನದಿಂದ ಅದೊಂದು ಆಟವೇ ಆಯಿತು. ಒಂಬತ್ತೂವರೆಗೆ ಅವನು ಮೆಟ್ಟಿಲು ಹತ್ತುವ ಮೊದಲು ಷೋಕೇಸಿನ ಮುಂದೆ ನಿಲ್ಲುತ್ತಿದ್ದ. ಮೊದಲು ಮೇಷ್ಟ್ರ ಗದ್ದ, ಆಮೇಲೆ ಅವಳು. ಅವಳು ಕೈಯಲ್ಲಿದ್ದ ಫ್ರೇಮನ್ನು ಹೊಳೆಯುವಷ್ಟು ಒರೆಸುತ್ತಿದ್ದಳು. ಅವನು ಹೋದಮೇಲೆ ಗಿರಾಕಿಗಳಿಗಾಗಿ ಇಟ್ಟ ಕನ್ನಡಿಯಲ್ಲಿ ತುಟಿ ಸರಿಸಿ ಆ ಎರಡನೇ ಹಲ್ಲನ್ನು ನೋಡಿಕೊಳ್ಳುತ್ತಿದ್ದಳು. ಅತ್ತೆ ಒಂದು ದಿನ ಹಿಂದಿನಿಂದ ಬಂದು, "ಬಿದ್ದು ಹೋಗಿಲ್ಲ, ಇದೆ ಕಣೇ" ಎಂದಳು.

ಹತ್ತನೇ ದಿನ ಬೆಳಿಗ್ಗೆ ಮೇಷ್ಟ್ರ ಎಡಗಣ್ಣು ತೆರೆಯಲೇ ಇಲ್ಲ. ರೆಪ್ಪೆಯ ಸಂದಿಯಿಂದ ಹಾಲಿನಂಥ ಬಿಳಿ ದ್ರವ ಇಳಿದು ಕೂದಲಿಗೆ ಅಂಟಿತ್ತು. ಕ್ಯಾರೆಟ್ ಚೂರು ಕೊಟ್ಟರೆ ಬಾಯಿಗೆ ತೆಗೆದುಕೊಂಡರು, ಒಮ್ಮೆ ಅಗಿದರು, ಬೀಳಿಸಿಬಿಟ್ಟರು. ಇನ್ನೊಂದು ಕೊಟ್ಟಳು. ಅದೂ ಬಿತ್ತು.

ಡ್ರಾಪ್ಸ್ ಶೀಶೆಯನ್ನು ಅಲ್ಲೇ ಬಿಟ್ಟು ಅವಳು ಮೆಟ್ಟಿಲು ಹತ್ತಿದಳು. ಒಟ್ಟು ಇಪ್ಪತ್ತೆರಡು ಮೆಟ್ಟಿಲು. ತಾನು ಸೋತೆ ಎಂದು ಹೇಳಲು ಹೋಗುವವಳಿಗೆ ಅದು ಕಡಿಮೆಯೇನಲ್ಲ. ಲ್ಯಾಬಿನಲ್ಲಿ ಅವನು ಮೇಣದ ದವಡೆಯೊಂದಕ್ಕೆ ಹಲ್ಲು ಕೂರಿಸುತ್ತಿದ್ದ.

"ತಿಂತಿಲ್ಲ," ಎಂದಳು.

ಅವನು ದೀಪ ಆರಿಸಿ, ಕೈ ತೊಳೆದು, "ಬುಟ್ಟಿ ಇದೆಯಾ? ನಡೀರಿ" ಎಂದ.

ಪ್ರಾಣಿಗಳ ಆಸ್ಪತ್ರೆಯ ಡಾಕ್ಟರಮ್ಮ ಸಣ್ಣ ಬೆಳಕಿನ ಕೊಳವೆಯನ್ನು ಮೇಷ್ಟ್ರ ಬಾಯೊಳಗೆ ಬಿಟ್ಟು ನೋಡಿದರು. ಎಕ್ಸ್-ರೇ ತೆಗೆಸಿ ಗೋಡೆಯ ಬೆಳಕಿಗೆ ಸಿಕ್ಕಿಸಿದರು. "ನೋಡಮ್ಮ, ದವಡೆ ಹಲ್ಲು ಚೂಪಾಗಿ ನಾಲಿಗೆ ಕೊಯ್ದಿದೆ. ಅದಕ್ಕೇ ಅಗಿಯಲ್ಲ. ಬೇರು ಇಲ್ಲಿಗೆ ಬಂದಿದೆ. ಕಣ್ಣೀರಿನ ನಾಳವನ್ನ ಅಮುಕಿಬಿಟ್ಟಿದೆ. ಏನು ತಿನ್ನಿಸ್ತೀಯಾ?"

"ಪ್ಯಾಕೆಟ್ ಫುಡ್ಡು, ಕ್ಯಾರೆಟ್. ಬ್ರೆಡ್ ಅಂದ್ರೆ ಇಷ್ಟ."

"ಒಣಹುಲ್ಲು?"

"ಕೊಡಲ್ಲ."

"ಯಾಕೆ?"

ಅವಳು ನೆಲ ನೋಡಿದಳು. "ಧೂಳು ಬರುತ್ತೆ. ಲೆನ್ಸ್ ಮೇಲೆ ಗೀರು ಬೀಳುತ್ತೆ ಅಂತ... ಅಂಗಡಿಯೊಳಗೆ ಹುಲ್ಲು ತರೋಕೆ ನಾನೇ ಬಿಡಲಿಲ್ಲ."

ಡಾಕ್ಟರಮ್ಮನ ಪೆನ್ನು ನಿಂತಿತು. ಬೈಯಲಿಲ್ಲ, ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. "ಹುಲ್ಲನ್ನ ಅಡ್ಡಡ್ಡ ಅರೆದು ಅರೆದೇ ಮೊಲದ ಹಲ್ಲು ಸವೆಯೋದು. ಮೆತ್ತಗಿರೋದು ತಿಂದ್ರೆ ಸವೆಯೋದೆಲ್ಲಿಂದ?"

ಆರು ವರ್ಷದಲ್ಲಿ ಒಂದು ಲೆನ್ಸಿಗೂ ಗೀರು ಬೀಳಿಸದವಳು ಎಂದು ಅತ್ತೆ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ಆ ಹೆಮ್ಮೆಯೇ ಈಗ ಮೇಜಿನ ಮೇಲೆ ಒಂದು ಕಣ್ಣು ಮುಚ್ಚಿಕೊಂಡು ಮಲಗಿತ್ತು. 'ನಾನು ಹೇಳಿರಲಿಲ್ವಾ' ಎಂಬ ಮಾತು ಪಕ್ಕದಿಂದ ಈಗ ಬರುತ್ತದೆ ಎಂದು ಅವಳು ಕಾದಳು. ಅವನು ಡಾಕ್ಟರಮ್ಮನನ್ನು ಕೇಳಿದ್ದು ಬೇರೆ: "ಕಣ್ಣು ಉಳಿಯುತ್ತಾ?"

"ಹಲ್ಲಿನ ಮೊನೆ ಇವತ್ತೇ ಉಜ್ಜಿ ತೆಗೀತೀನಿ. ನಾಳ ತೊಳೆದು ನೋಡ್ತೀನಿ. ಕೀವು ಕಣ್ಣಿನ ಹಿಂದಕ್ಕೆ ಹೋದ್ರೆ ಕಣ್ಣು ತೆಗೀಬೇಕಾಗುತ್ತೆ. ಮೊಲಕ್ಕೆ ಅರಿವಳಿಕೆ ಕೊಡೋದೂ ಸಣ್ಣ ವಿಷಯ ಅಲ್ಲ. ಎಲ್ಲಾ ಆದಮೇಲೂ ಅದು ತಾನಾಗಿ ತಿನ್ನಬೇಕು. ತಿನ್ನೋದು ನಿಂತ್ರೆ ಕರುಳು ನಿಲ್ಲುತ್ತೆ, ಕರುಳು ನಿಂತ್ರೆ ಮೊಲ ಉಳಿಯಲ್ಲ. ಒಪ್ಪಿಗೆ ಇದ್ರೆ ಸಹಿ ಹಾಕು."

ಅವಳು ಹಾಕಿದಳು.

ಹೊರಗಿನ ಬೆಂಚಿನಲ್ಲಿ ಇಬ್ಬರೂ ಕೂತರು. ಎದುರಿಗೆ ಕಾಲಿಗೆ ಬ್ಯಾಂಡೇಜ್ ಕಟ್ಟಿಸಿಕೊಂಡ ನಾಯಿಯೊಂದು ಇಬ್ಬರನ್ನೂ ಅನುಮಾನದಿಂದ ನೋಡುತ್ತಿತ್ತು.

"ಹೇಳಿಬಿಡಿ," ಎಂದಳು ಅವಳು. "ನನ್ನದೇ ತಪ್ಪು ಅಂತ."

"ನನ್ನದೂ ಇದೆ. ಆ ಗದ್ದ ಒದ್ದೆ ಇರೋದನ್ನ ನಾನು ಗಾಜಿನಾಚೆಯಿಂದ ನೋಡಿ ಒಂದು ತಿಂಗಳ ಮೇಲಾಗಿತ್ತು. ಆಮೇಲೆ ಓದಿದೆ. ಕನ್ನಡಕದ ನೆಪ ಹೇಳಿಕೊಂಡು ಒಳಗೆ ಬಂದಿದ್ದೂ ಅದನ್ನ ಹೇಳೋಕೇ."

"ಒಂದು ತಿಂಗಳು ಸುಮ್ನಿದ್ರಾ?" ಅವಳ ದನಿ ಏರಿತು. ನಾಯಿ ಕಿವಿ ನಿಮಿರಿಸಿತು.

"ಒಳಗೆ ಬರೋಕೆ ಧೈರ್ಯ ಬರಲಿಲ್ಲ."

"ಮೊಲಕ್ಕೆ ಹೆದರಿದ್ರಾ?"

"ಮೊಲಕ್ಕಲ್ಲ."

ಅವಳಿಗೆ ಸಿಟ್ಟು ಬರಬೇಕಿತ್ತು, ಬಂತೂ ಸಹ. ಆದರೆ ಅದು ಅರ್ಧ ದಾರಿಯಲ್ಲಿ ಇನ್ನೇನೋ ಆಗಿ ಕೆನ್ನೆ ಬಿಸಿಯಾಯಿತು. "ನಾಲ್ಕು ಮಾತು ಜೋರಾಗಿ ಬೈಯಬೇಕು ನಿಮಗೆ. ಮೇಷ್ಟ್ರು ಎದ್ದ ಮೇಲೆ ಬೈತೀನಿ," ಎಂದಳು.

ಮೇಷ್ಟ್ರು ಎದ್ದರು. ಹಲ್ಲಿನ ಮೊನೆಗಳು ಹೋಗಿದ್ದವು. ನಾಳ ಮಾತ್ರ ಬಿಟ್ಟುಕೊಟ್ಟಿರಲಿಲ್ಲ. ಕಣ್ಣಿನ ಕಡೆಯಿಂದ ಹಾಯಿಸಿದ ನೀರು ಮೂಗಿಗೆ ಬರಲಿಲ್ಲ. ಮೂರು ದಿನ ಬಿಟ್ಟು ಇನ್ನೊಮ್ಮೆ, ಆಮೇಲೆ ಮತ್ತೊಮ್ಮೆ ತೊಳೆಯುವುದು, ಅದಕ್ಕೂ ಬಗ್ಗದಿದ್ದರೆ ಕಣ್ಣಿನ ಆಸೆ ಬಿಡುವುದು ಎಂದರು ಡಾಕ್ಟರಮ್ಮ. ಅಲ್ಲಿಯವರೆಗೆ ಮೂರು ಗಂಟೆಗೊಮ್ಮೆ ಸಿರಿಂಜಿನಲ್ಲಿ ಹುಲ್ಲಿನ ಪುಡಿಯ ಗಂಜಿ ಕುಡಿಸಬೇಕು.

ಅವಳು ಅಂಗಡಿಗೆ ಬಂದವಳೇ ಲೆನ್ಸ್ ಕತ್ತರಿಸುವ ಮೆಷಿನ್ನನ್ನೂ ಲೆನ್ಸಿನ ಪೆಟ್ಟಿಗೆಗಳನ್ನೂ ಒಳಕೋಣೆಗೆ ಸಾಗಿಸಿ ಬಾಗಿಲು ಹಾಕಿದಳು. ಮುಂದಿನ ಕೋಣೆಗೆ ಒಂದು ಮೂಟೆ ಒಣಹುಲ್ಲು ಬಂತು. "ಕನ್ನಡಕದ ಅಂಗಡಿಯೋ ಕೊಟ್ಟಿಗೆಯೋ?" ಎಂದು ಅತ್ತೆ ಕೂಗಾಡಿದಳು. ಆದರೆ ಮೇಷ್ಟ್ರಿಗೆ ಬ್ರೆಡ್ ತಿನ್ನಿಸಿ ತಿನ್ನಿಸಿ ರೂಢಿ ಮಾಡಿಸಿದವಳು ಅತ್ತೆಯೇ. ಸ್ವಲ್ಪ ಹೊತ್ತಿಗೆ ತಾನೇ ಹುಲ್ಲು ಕೊಡವಿ ಗೂಡಿಗೆ ಹಾಕಿದಳು. ಮೇಷ್ಟ್ರು ಮೂಸಿ ಮುಖ ತಿರುಗಿಸಿದರು.

ಮಧ್ಯಾಹ್ನದ ಸರದಿಗೆ ಅವನು ಕೆಳಗಿಳಿದು ಬರುತ್ತಿದ್ದ. ಮೊಲವನ್ನು ಟವೆಲಿನಲ್ಲಿ ಸುತ್ತಿ ಹಿಡಿಯುವುದು ಅವನ ಕೆಲಸ, ಸಿರಿಂಜು ಅವಳದು. ಅವನ ಬೆರಳುಗಳ ತುದಿಗಳು ಮೇಣದ ಬಿಸಿಗೆ ನುಣುಪಾಗಿದ್ದವು. ಮೊಲದ ತುಟಿಯನ್ನು ಸರಿಸುವಾಗ ಅವು ಎಷ್ಟು ಮೆಲ್ಲಗೆ ಚಲಿಸುತ್ತಿದ್ದವೆಂದರೆ, ಅವಳು ಎಷ್ಟೋ ಸಲ ನೋಡುತ್ತಾ ಉಳಿದುಬಿಡುತ್ತಿದ್ದಳು.

"ನಿಜವಾದ ಬಾಯಿ ಮುಟ್ಟಿದ್ದು ಇದೇ ಮೊದಲು," ಎಂದ ಒಂದು ದಿನ. "ನನಗೆ ಬರೋದು ಬರೀ ಅಚ್ಚು. ಅವರು ಯಾರು, ನಗ್ತಾರಾ ಇಲ್ವಾ, ಒಂದೂ ಗೊತ್ತಿರಲ್ಲ."

"ಅದಕ್ಕೇ ಕಂಡವರ ಬಾಯಿ ನೋಡ್ತಿರ್ತೀರಾ?"

"ಕಂಡವರದ್ದಲ್ಲ. ಒಬ್ಬರದ್ದೇ."

ಅವಳು ತಲೆಯೆತ್ತಿದಳು. ಇಬ್ಬರ ಹಣೆಯ ನಡುವೆ ಒಂದು ಗೇಣೂ ಇರಲಿಲ್ಲ.

"ಲೇ!" ಎಂದು ಅತ್ತೆ ಕೌಂಟರಿನಿಂದ ಅರಚಿದಳು. "ಅದಕ್ಕೆ ಕುಡಿಸ್ತಿದೀರೋ, ಒಬ್ರನ್ನೊಬ್ರು ಕುಡೀತಿದೀರೋ? ಗಂಜಿ ಪೂರಾ ಟವೆಲಿಗೆ ಹೋಯ್ತು!"

ಎರಡನೇ ಸಲ ತೊಳೆದಾಗಲೂ ನೀರು ಬರಲಿಲ್ಲ. ಆ ಸಂಜೆಯೂ ಗೂಡಿನಲ್ಲಿ ಹುಲ್ಲು ಹಾಕಿದ ಹಾಗೇ ಬಿದ್ದಿತ್ತು.

ಮೂರನೇ ಸಲ ಡಾಕ್ಟರಮ್ಮ ತೆಳ್ಳನೆಯ ನಳಿಗೆಯನ್ನು ರೆಪ್ಪೆಯ ಮೂಲೆಗೆ ಇಟ್ಟು ಮೆಲ್ಲಗೆ ಒತ್ತಿದರು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಮೇಷ್ಟ್ರು ಸೀನಿದರು. ಮೂಗಿನಿಂದ ಬಿಳಿ ಕೀವಿನ ಗಟ್ಟಿಯೊಂದು ಹಾರಿ ಅವನ ಅಂಗಿಯ ತೋಳಿಗೆ ಬಿತ್ತು.

"ಬಂತಾ?" ಅವಳು ಮುಂದಕ್ಕೆ ಬಾಗಿದಳು.

"ಆತುರ ಪಡಬೇಡ. ತೆರೆದಿದೆಯೋ ಇಲ್ವೋ ಬಣ್ಣ ಹೇಳುತ್ತೆ." ಡಾಕ್ಟರಮ್ಮ ಕಣ್ಣಿಗೆ ಒಂದು ತೊಟ್ಟು ಬಣ್ಣ ಬಿಟ್ಟರು.

ಆ ಬಣ್ಣ ಅವಳಿಗೆ ಗೊತ್ತಿತ್ತು. ಕಣ್ಣಿನ ಮೇಲೆ ಗೀರಿದೆಯೇ ಎಂದು ನೋಡಲು ಹಾಕುವುದು. ನೀಲಿ ಬೆಳಕಿನಲ್ಲಿ ಹಸಿರಾಗಿ ಉರಿಯುತ್ತದೆ. ಅದು ಮೂಗಿಗೆ ಇಳಿಯುವುದನ್ನು ಕಾಯುತ್ತೇನೆಂದು ಅವಳು ಯಾವತ್ತೂ ಅಂದುಕೊಂಡಿರಲಿಲ್ಲ. ಅವಳು ನೀಲಿ ದೀಪ ಹಿಡಿದಳು. ಅವನು ಮೂಗಿನ ಕೆಳಗೆ ಬಿಳಿ ಕಾಗದ ಹಿಡಿದ. ಗಡಿಯಾರದ ಮುಳ್ಳು ಒಂದು ಸುತ್ತು ಹಾಕಿತು. ಎರಡು ಸುತ್ತು. ಮೇಷ್ಟ್ರ ಮೂಗು ಅದುರುತ್ತಲೇ ಇತ್ತು.

ಎಡ ಹೊಳ್ಳೆಯ ತುದಿಯಲ್ಲಿ ಸಾಸಿವೆಯಷ್ಟು ಹಸಿರು ಮೂಡಿತು. ಬೆಳೆಯಿತು. ತೊಟ್ಟಾಗಿ ಕಾಗದಕ್ಕೆ ಬಿದ್ದು ಹರಡಿತು.

"ಬಂತು!" ಎಂದು ಅವನು ಕೂಗಿದ. ಅವಳು ದೀಪವನ್ನೂ ಮರೆತು ಅವನ ತೋಳು ಹಿಡಿದು ಕುಣಿದಳು. ಪಕ್ಕದ ಕೋಣೆಯಲ್ಲಿ ಬೆಕ್ಕು ತಂದಿದ್ದವರು ಬಾಗಿಲಿನಿಂದ ಇಣುಕಿದರು.

"ಸಾಕು, ಸಾಕು," ಎಂದರು ಡಾಕ್ಟರಮ್ಮ. ಅವರೂ ನಗುತ್ತಿದ್ದರು. "ಕಣ್ಣು ಉಳೀತು. ಇನ್ನು ಇದು ತಾನಾಗಿ ತಿನ್ನಬೇಕು, ಅದೊಂದು ಬಾಕಿ. ಆಮೇಲೆ, ಒಮ್ಮೆ ಕೆಟ್ಟ ಹಲ್ಲು ಪೂರ್ತಿ ನೆಟ್ಟಗಾಗಲ್ಲ. ಆರು ವಾರಕ್ಕೊಮ್ಮೆ ಬಂದು ತೋರಿಸಬೇಕು. ಇದು ಬದುಕಿರೋವರೆಗೂ."

"ಎಷ್ಟು ವರ್ಷ ಬದುಕುತ್ತೆ?"

"ಈಗ ಮೂರು ತಾನೇ? ಚೆನ್ನಾಗಿ ನೋಡಿಕೊಂಡ್ರೆ ಇನ್ನೂ ಆರೇಳು ವರ್ಷ. ಯಾರು ಕರ್ಕೊಂಡು ಬರ್ತೀರಿ?"

"ನಾನು," ಎಂದರು ಇಬ್ಬರೂ, ಒಟ್ಟಿಗೇ.

ಬುಟ್ಟಿ ಹಿಡಿದು ಹೊರಗೆ ಬಂದು ಅದೇ ಬೆಂಚಿನಲ್ಲಿ ಕೂತರು. ಬುಟ್ಟಿಯನ್ನು ಅವಳು ಕಾಲ ಹತ್ತಿರ ಇಟ್ಟಳು.

"ಏಳು ವರ್ಷ ಅಂದ್ರೆ ಅರವತ್ತು ಸಲ," ಎಂದ ಅವನು.

"ಬೇಜಾರಾ?"

"ಅಲ್ಲ. ಅರವತ್ತೊಂದನೇ ಸಲಕ್ಕೆ ಏನು ನೆಪ ಹೇಳಲಿ ಅಂತ ಯೋಚಿಸ್ತಿದೀನಿ."

ಅವಳು ಸುತ್ತುಬಳಸಿ ಮಾತಾಡುವವಳಲ್ಲ. ಆ ವಿಷಯದಲ್ಲಿ ಅತ್ತೆಯದೇ ತಳಿ. "ನೆಪ ಬೇಡ. ನನ್ನನ್ನ ಮದುವೆ ಆಗ್ತೀರಾ? ನನಗೆ ನೀವು ಬೇಕು. ಮೊಲ ಇರಲಿ, ಇಲ್ಲದಿರಲಿ."

ಊರಿನ ಬಾಯಿಗಳಿಗೆಲ್ಲ ಹಲ್ಲು ಮಾಡಿಕೊಡುವವನು ಈ ಸಲ ಅವಳ ಬಾಯಿ ನೋಡಲಿಲ್ಲ. ಅವನು ಅವಳ ಕಣ್ಣನ್ನೇ ನೋಡುತ್ತಾ ಅವಳ ಕೈಯನ್ನು ತನ್ನ ಎರಡೂ ಕೈಗಳಲ್ಲಿ ತೆಗೆದುಕೊಂಡ. ಹೌದೆಂದು ತಲೆಯಾಡಿಸಿದ. ಒಂದಲ್ಲ, ನಾಲ್ಕೈದು ಸಲ.

ಅಷ್ಟರಲ್ಲಿ ಕಾಲ ಬಳಿ ಕರ್ ಕರ್ ಎಂದಿತು.

ಇಬ್ಬರೂ ಬಗ್ಗಿದರು. ಬುಟ್ಟಿಯ ತಳಕ್ಕೆ ಹಾಸಿದ್ದ ಹುಲ್ಲಿನಿಂದ ಮೇಷ್ಟ್ರು ಉದ್ದದ ಒಂದು ಎಳೆಯನ್ನು ಎಳೆದುಕೊಂಡಿದ್ದರು. ದವಡೆ ಅತ್ತಿತ್ತ ಹೊರಳುತ್ತಿತ್ತು; ಎಳೆ ಇಂಚಿಂಚಾಗಿ ಒಳಗೆ ಹೋಗುತ್ತಿತ್ತು. ಎರಡೂ ಕಣ್ಣು ಅಗಲವಾಗಿ ತೆರೆದಿದ್ದವು. ಎಳೆಯ ತುದಿ ತುಟಿಯೊಳಗೆ ಮರೆಯಾಯಿತು. ಮೇಷ್ಟ್ರು ಮೂಗು ಅದುರಿಸಿ, ಹುಡುಕಿ, ಇನ್ನೊಂದಕ್ಕೆ ಬಾಯಿ ಹಾಕಿದರು.

"ಎರಡನೇದು," ಎಂದ ಅವನು ಪಿಸುದನಿಯಲ್ಲಿ.

"ಹೂಂ, ಎರಡನೇದು," ಎಂದಳು. ಕೈ ಬಿಡಿಸಿಕೊಳ್ಳಲಿಲ್ಲ.