ಎರಡು ಹಾರ್ನ್

ಮೇಷ್ಟ್ರ ಬೈಕು ಸಿಕ್ಕಿದ್ದು ಕಮರಿಯ ತಳದಲ್ಲಿ, ತೊರೆಯ ಪಕ್ಕದ ಕೆಸರಿನಲ್ಲಿ. ಮೇಷ್ಟ್ರು ಸಿಕ್ಕಿದ್ದು ಅದರಿಂದ ಹತ್ತು ಹೆಜ್ಜೆ ಆಚೆ, ಬಂಡೆಯ ಮೇಲೆ.

ಸಂಜೆ ಬೆಳಕು ಇನ್ನೂ ಸ್ವಲ್ಪ ಉಳಿದಿತ್ತು. ಮೊದಲು ಇಳಿದವರು ಇಬ್ಬರು, ಕ್ಯಾಪ್ಟನ್ ಮತ್ತು ಹಲ್ಲು ಡಾಕ್ಟರ್. ಪಾನಾ ಮೇಲೆ ರಸ್ತೆಯ ಅಂಚಿನಲ್ಲಿ ಹಗ್ಗ ಹಿಡಿದು ನಿಂತಿದ್ದ.

"ಡಾಕ್ಟ್ರೇ, ಹೇಗಿದ್ದಾರೆ?" ಎಂದು ಮೇಲಿಂದಲೇ ಕೂಗಿದ.

ಡಾಕ್ಟರ್ ತನ್ನ ಹೆಲ್ಮೆಟ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಅಷ್ಟೇ ಸಾಕಾಯಿತು.

ಸ್ವಲ್ಪ ಹೊತ್ತಿಗೆ ಕ್ಯಾಪ್ಟನ್ ದನಿ ಮೇಲೆ ಬಂತು. "ಪಾನಾ! ಹಿಂದಿನ ಬ್ರೇಕ್ ರಾಡಲ್ಲಿ ನಟ್ಟೇ ಇಲ್ವಲ್ಲೋ! ಬೆಳಿಗ್ಗೆ ಏನ್ ನೋಡ್ದೆ ನೀನು?"

ಪಾನಾನ ಕೈಯಿಂದ ಹಗ್ಗ ಜಾರಿತು.

ಗ್ಯಾರೇಜಿನಲ್ಲಿ ಇಪ್ಪತ್ತೆರಡು ವರ್ಷ ನಟ್ಟು ತಿರುಗಿಸುವ ಪಾನಾ ಹಿಡಿದವನಿಗೆ ಅದೇ ಹೆಸರಾಗಿತ್ತು. ಈ ಬೆಟ್ಟಗಾಡಿನ ಸವಾರಿಯಲ್ಲಿ ಅವನದು ಬೈಕಲ್ಲ, ಹಿಂದಿನ ಪಿಕಪ್ ಗಾಡಿ. ಬಿಡಿಭಾಗ, ಪೆಟ್ರೋಲ್ ಡಬ್ಬಿ, ಎಲ್ಲರ ಗಂಟುಮೂಟೆ ಹೊತ್ತು ಕೊನೆಯಲ್ಲಿ ಬರುವುದು ಅವನ ಕೆಲಸ. ಮುಂದೆ ಐದು ಬೈಕು. ಎಲ್ಲಕ್ಕಿಂತ ಮುಂದೆ ಕ್ಯಾಪ್ಟನ್. ಸೈನ್ಯದ ಗೇಟೂ ನೋಡಿದವನಲ್ಲ, ಆದರೂ ಹದಿನೆಂಟು ವರ್ಷ ಒಬ್ಬರಿಗೂ ಗಾಯವಾಗದಂತೆ ಸವಾರಿ ನಡೆಸಿದವನು ಎಂದು ಆ ಹೆಸರು. ಅವನ ಹಿಂದೆ ಅವನ ಬಾಮೈದ, ಫೋಟೋ ಸ್ಟುಡಿಯೋ ಇಟ್ಟವನು. ಎಲ್ಲರ ಬಾಯಲ್ಲೂ ಅವನು ಬರೀ 'ಸ್ಟುಡಿಯೋ'. ಆಮೇಲೆ ಮೇಷ್ಟ್ರು, ಅವರ ಹಿಂದೆ ಹಲ್ಲು ಡಾಕ್ಟರ್, ಕೊನೆಗೆ ಸರ್ವೇಯರಮ್ಮ. ಅಪಘಾತವಾದ ಗಾಡಿಗಳನ್ನು ವಿಮೆಯವರ ಪರವಾಗಿ ನೋಡಿ ವರದಿ ಬರೆಯುವುದು ಆಕೆಯ ಉದ್ಯೋಗ. ನಜ್ಜುಗುಜ್ಜಾದ ಕಬ್ಬಿಣ ಆಕೆಯ ಹತ್ತಿರ ಮಾತಾಡುತ್ತದೆ ಎಂದು ಮೇಷ್ಟ್ರು ತಮಾಷೆ ಮಾಡುತ್ತಿದ್ದರು.

ಈಗ ತಮಾಷೆ ಮಾಡುವವರೇ ಇಲ್ಲ.

ಬೆಳಗಾಯಿತು. ಹಳ್ಳಿಯ ತಂಗುಮನೆಯ ಊಟದ ಕೋಣೆಯಲ್ಲಿ ಒದ್ದೆ ಕೈಗವಸುಗಳ ವಾಸನೆ. ಕಿಟಕಿಯಾಚೆ ಮಂಜು ಬಿಟ್ಟರೆ ಏನೂ ಕಾಣದು. ಮೇಷ್ಟ್ರ ತಟ್ಟೆಯನ್ನೂ ಸೇರಿಸಿ ಆರು ತಟ್ಟೆ ಹಾಕಿದ ಮನೆಯೊಡತಿ, ನೆನಪಾಗಿ ಒಂದನ್ನು ಸದ್ದಿಲ್ಲದೆ ಎತ್ತಿಕೊಂಡು ಹೋದಳು.

ಕ್ಯಾಪ್ಟನ್ ಪಾನಾನ ಮುಂದೆ ಕಾಗದ ಇಟ್ಟ.

"ಹನ್ನೊಂದಕ್ಕೆ ಪೊಲೀಸಿನವರು ಬರ್ತಾರೆ. 'ನಟ್ಟು ಬಿಗಿ ಮಾಡೋದು ಮರ್ತೆ' ಅಂತ ನೀನೇ ಬರ್ದುಕೊಟ್ರೆ ಅಪಘಾತ ಅಂತ ಮುಗಿಯುತ್ತೆ. ವಕೀಲರನ್ನ ನಾನು ನೋಡ್ಕೋತೀನಿ. ಮಗಳಿದ್ದಾಳೆ ನಿಂಗೆ, ಯೋಚ್ನೆ ಮಾಡು."

ಪಾನಾ ಪೆನ್ನು ಹಿಡಿದ. ರಾತ್ರಿಯಿಡೀ ಅದನ್ನೇ ಯೋಚಿಸಿದ್ದ. ನಿನ್ನೆ ಬೆಳಿಗ್ಗೆ ಮೇಷ್ಟ್ರ ಬೈಕಿನ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದಾಗ ಅವರೇ ಲೋಟದಲ್ಲಿ ಬಿಸಿ ಚಹಾ ತಂದುಕೊಟ್ಟಿದ್ದರು. "ನಿನ್ನ ಕೈ ನಡುಗ್ತಿದೆ, ನಟ್ಟಿಗೂ ಚಳಿ ಹತ್ತೀತು!" ಎಂದು ನಗಿಸಿದ್ದರು. ಚಹಾ ಕುಡಿದದ್ದು ನೆನಪಿದೆ. ನಕ್ಕಿದ್ದು ನೆನಪಿದೆ. ಬ್ರೇಕಿನ ನಟ್ಟು ಮುಟ್ಟಿದೆನೇ? ಎಷ್ಟು ತಿಣುಕಿದರೂ ಅದೊಂದು ಮಾತ್ರ ನೆನಪಿಗೆ ಬಾರದು.

"ಬರಿ ಪಾನಾ, ಆದ್ರೆ ಆಮೇಲೆ ಬರಿ." ಬಾಗಿಲಲ್ಲಿ ಸರ್ವೇಯರಮ್ಮ ಬೂಟಿನ ದಾರ ಕಟ್ಟುತ್ತಿದ್ದಳು. "ಮೊದ್ಲು ನನ್ನ ಜೊತೆ ಕಮರಿಗೆ ಬಾ."

"ಅಕ್ಕಾ, ನೋಡೋದಕ್ಕೆ ಇನ್ನೇನಿದೆ ಅಲ್ಲಿ?" ಕ್ಯಾಪ್ಟನ್ ಹುಬ್ಬು ಗಂಟಿಕ್ಕಿದ.

"ಗೊತ್ತಿಲ್ಲ. ನೋಡದೇ ವರದಿ ಬರೆದು ಅಭ್ಯಾಸ ಇಲ್ಲ ನಂಗೆ."

ಕಮರಿಗೆ ಇಳಿದಾಗ ಪೆಟ್ರೋಲ್ ವಾಸನೆ ಮೂಗಿಗೆ ಬಡಿಯಿತು. ಹನಿಹನಿಯಾಗಿ ಸೋರುತ್ತಿತ್ತು. ಪಾನಾ ಅಭ್ಯಾಸಬಲದಿಂದ ಟ್ಯಾಂಕಿನ ಕೆಳಗೆ ಕೈ ಹಾಕಿ ಪೆಟ್ರೋಲ್ ಕಾಕ್ ತಿರುಗಿಸಿ ಮುಚ್ಚಿದ. ಸರ್ವೇಯರಮ್ಮ ಅದನ್ನು ನೋಡಿದಳು.

ಅವಳು ಕತ್ತು ಎತ್ತಿದಳು. ಬಹಳ ಎತ್ತರದಲ್ಲಿ ಕಣಿವೆದಾರಿಯ ಚೂಪು ತಿರುವು. ಅದೇ ತಿರುವಿನಿಂದ ಮೇಷ್ಟ್ರು ಬಿದ್ದರೆಂದು ಎಲ್ಲರೂ ಹೇಳಿದ್ದು. ಮಧ್ಯದಲ್ಲಿ ಬರೀ ಮೊನೆಗಲ್ಲು. ಇತ್ತ ಎಡಕ್ಕೆ, ಮೂರಾಳು ಎತ್ತರದಲ್ಲಿ ಒಂದು ಮೊಂಡು ಸೇತುವೆ. ಕೈಬಿಟ್ಟ ಹಳೇ ರಸ್ತೆಯದು. ಪ್ರವಾಹಕ್ಕೆ ಅರ್ಧ ಕೊಚ್ಚಿಹೋಗಿ ಉಳಿದರ್ಧ ಗಾಳಿಯಲ್ಲಿ ನಿಂತಿತ್ತು.

"ಪಾನಾ, ಹೆಡ್‌ಲೈಟ್ ನೋಡು."

"ಕೆಸರಾಗಿದೆ ಮೇಡಂ."

"ಒರೆಸು."

ಒರೆಸಿದ. ಗಾಜಿನಲ್ಲಿ ಅವನ ಮುಖ ಕಂಡಿತು. ಒಂದು ಗೀರೂ ಇರಲಿಲ್ಲ.

"ಈಗ ಬ್ರೇಕ್ ರಾಡು."

ರಾಡಿಗೆ ಉದ್ದಕ್ಕೂ ಕೆಸರು ಒಣಗಿ ಅಂಟಿತ್ತು. ತುದಿಯಲ್ಲಿ ಮಾತ್ರ ನಟ್ಟು ಕೂರುವ ತಿರುಪು ಬೆರಳಗಲದಷ್ಟು ಹೊಳೆಯುತ್ತಿತ್ತು. ಆ ಹೊಳಪು ಶುರುವಾಗುವ ಕಡೆ ಕಾಳಿನಷ್ಟು ಗುಲಾಬಿ ಬಣ್ಣ. ಪಾನಾ ಅದನ್ನು ಉಗುರಿನಿಂದ ಮುಟ್ಟಿ ನೋಡಿದ. ನಟ್ಟು ಬಿಗಿಮಾಡಿದ ಮೇಲೆ ಅದಕ್ಕೂ ರಾಡಿಗೂ ಸೇರಿಸಿ ಒಂದು ಗೆರೆ ಎಳೆಯುವುದು ಅವನ ಪದ್ಧತಿ. ನಟ್ಟು ಸಡಿಲಾದರೆ ಗೆರೆ ಮುರಿಯುತ್ತದೆ, ದೂರದಿಂದಲೇ ಗೊತ್ತಾಗುತ್ತದೆ. ಗೆರೆಗೆ ಮಗಳ ನೇಲ್ ಪಾಲಿಶ್. ಅದಕ್ಕಾಗಿ ಅವನು ಎಲ್ಲರಿಂದ ಎಷ್ಟು ಗೇಲಿ ತಿಂದಿದ್ದ!

"ಮೇಡಂ..." ಅವನು ತೋಳಿನಿಂದ ಕಣ್ಣು ಒರೆಸಿಕೊಂಡ. "ಮರ್ತಿರ್ಲಿಲ್ಲ ನಾನು."

"ಅಳಬೇಡ. ಬೆಟ್ಟ ಹತ್ತೋದಿದೆ, ಉಸಿರು ಬೇಕು."

ತಂಗುಮನೆಯಲ್ಲಿ ಎಲ್ಲರೂ ಮೇಜಿನ ಸುತ್ತ ಕೂತಿದ್ದರು. ಸರ್ವೇಯರಮ್ಮ ಕೈ ಒರೆಸಿಕೊಂಡು ಡಾಕ್ಟರ ಕಡೆ ತಿರುಗಿದಳು.

"ಮೊನ್ನೆ ಮೇಷ್ಟ್ರ ಜೊತೆ ಜಗಳ ಆಡಿದ್ರಿ."

ಡಾಕ್ಟರ್ ಕೆಂಪಾದ. "ಜಗಳ ಅಲ್ಲ. ಅವರ ಗೊರಕೆಗೆ ನಿದ್ದೆ ಬರ್ಲಿಲ್ಲ ಅಂದೆ. ನಿಮ್ಮ ಹಲ್ಲು ಕೊರೆಯೋ ಯಂತ್ರಕ್ಕಿಂತ ವಾಸಿ ಅಂದ್ರು. ಅದಕ್ಕೆಲ್ಲ ಯಾರಾದ್ರೂ... ಛೆ!"

"ನಿನ್ನೆ ಕೆಳಗಿಳಿದಾಗ ನೀವು ಬೈಕ್ ಮುಟ್ಟಿದ್ರಾ?"

"ಇಲ್ಲ. ನಾನು ಮೇಷ್ಟ್ರ ನಾಡಿ ನೋಡ್ತಿದ್ದೆ. ಪೆಟ್ರೋಲ್ ಕಾಕ್ ಮುಚ್ತೀನಿ, ಬೆಂಕಿಗಿಂಕಿ ಹತ್ತೀತು ಅಂತ ಕ್ಯಾಪ್ಟನ್ನೇ ಬೈಕ್ ಹತ್ರ ಹೋದ್ರು."

"ಹೌದು, ಮುಚ್ಚಿದೆ," ಎಂದ ಕ್ಯಾಪ್ಟನ್. "ಆಗ್ಲೇ ನಟ್ಟು ಇಲ್ದಿರೋದು ಕಂಡಿದ್ದು."

ಸರ್ವೇಯರಮ್ಮ ತಲೆದೂಗಿ ಸ್ಟುಡಿಯೋ ಕಡೆ ನೋಡಿದಳು. ಅವನು ಮೇಜಿನ ಮೇಲಿನ ಉಪ್ಪಿನ ಡಬ್ಬಿಯನ್ನು ಸುಮ್ಮನೆ ತಿರುಗಿಸುತ್ತಿದ್ದ.

"ಕವಲಲ್ಲಿ ನಿಂತಿದ್ದು ನೀನು. ಪದ್ಧತಿ ಏನು, ಹೇಳು."

"ಎಲ್ರಿಗೂ ಗೊತ್ತಲ್ಲ ಅಕ್ಕ."

"ನನಗೆ ಹೇಳು."

"ದಾರಿ ಕವಲೊಡೆದ್ರೆ ಕ್ಯಾಪ್ಟನ್ ಹಿಂದಿರೋನು ನಿಲ್ಬೇಕು. ಬಂದವರಿಗೆಲ್ಲ ಕೈ ತೋರಿಸ್ಬೇಕು. ಕೊನೇಲಿ ಪಿಕಪ್ ಬಂದು ಎರಡು ಹಾರ್ನ್ ಹೊಡಿಯೋವರೆಗೂ ಅಲ್ಲಾಡ್ಬಾರ್ದು. ಎರಡು ಹಾರ್ನ್ ಅಂದ್ರೆ ಎಲ್ರೂ ಬಂದ್ರು ಅಂತ."

"ಯಾರೂ ನಿಂತಿಲ್ಲದಿದ್ರೆ?"

ಉಪ್ಪಿನ ಡಬ್ಬಿ ನಿಂತಿತು. "ಯಾರೂ ಇಲ್ಲ ಅಂದ್ರೆ... ನೇರ ಹೋಗೋದು."

"ಆ ಕವಲಲ್ಲಿ ನೇರ ಹೋದ್ರೆ ಏನು ಸಿಗುತ್ತೆ?"

"ಹಳೇ ರಸ್ತೆ. ಆದ್ರೆ ನಾನು ಅಲ್ಲೇ ಇದ್ದೆ! ಮೇಷ್ಟ್ರಿಗೆ ಬಲಕ್ಕೆ ಕೈ ತೋರಿಸ್ದೆ, ತಿರುಗಿ ಕಣಿವೆದಾರಿ ಹತ್ತಿದ್ರು. ನೀವೂ ನನ್ನ ನೋಡಿದ್ರಲ್ಲ?"

"ನೋಡಿದ್ದೆ. ಡಾಕ್ಟ್ರೂ ನೋಡಿದ್ರು. ಆದ್ರೆ ಡಾಕ್ಟ್ರ ಚೀಲದ ಬೆಲ್ಟು ಕಳಚಿ, ನಾವಿಬ್ರೂ ಪಾನಾನೂ ಕಾಲು ಗಂಟೆ ಕವಲಿಗಿಂತ ಕೆಳಗೇ ನಿಂತಿದ್ವಿ. ಆ ಕಾಲು ಗಂಟೇಲಿ ಮೇಷ್ಟ್ರು ಒಬ್ರೇ ಮುಂದೆ ಹೋದ್ರು. ಆಗ ನೀನಿದ್ಯಾ?"

"ಇದ್ದೆ ಅಂದ್ನಲ್ಲ!"

"ಅಕ್ಕಾ, ಪಾಪ ಅವನನ್ನ್ಯಾಕೆ ಹಿಂಡ್ತೀರಾ?" ಕ್ಯಾಪ್ಟನ್ ನಡುವೆ ಬಾಯಿ ಹಾಕಿದ. "ಮೇಲಿನ ತಿರುವಲ್ಲಿ ಬ್ರೇಕ್ ಹಿಡೀಲಿಲ್ಲ, ಬಿದ್ರು. ಅಷ್ಟೇ."

ಮನೆಯೊಡತಿ ಲೋಟಗಳನ್ನು ತೆಗೆಯಲು ಬಂದಿದ್ದಳು. ಸರ್ವೇಯರಮ್ಮ ಅವಳನ್ನೇ ಕೇಳಿದಳು. "ಅಮ್ಮಾ, ನಿನ್ನೆ ಈ ಕ್ಯಾಪ್ಟನ್ ಬಂದ ತಕ್ಷಣ ನಿಮಗೊಂದು ಫೋಟೋ ತೋರಿಸಿದ್ರು. ನೆನಪಿದೆಯಾ?"

"ಹೂಂ. ಕಣಿವೆಯ ತುದೀಲಿ ಬೈಕ್ ಓಡಿಸ್ತಿದ್ದದ್ದು. ಹಿಂದೆ ನೀಲಿ ಆಕಾಶ. ಈ ತಿಂಗಳಲ್ಲಿ ಅಂಥಾ ಬಿಸಿಲು ಕಂಡಿದ್ದೇ ಅದೃಷ್ಟ ಅಂದೆ."

ಪಾನಾನಿಗೂ ನೆನಪಾಯಿತು. ಕ್ಯಾಪ್ಟನ್ ಎಲ್ಲರಿಗೂ ಮೊಬೈಲ್ ಹಿಡಿದು ತೋರಿಸಿದ್ದ. ಮೇಷ್ಟ್ರು ಬಂದಿಲ್ಲವೆಂದು ಇನ್ನೂ ಯಾರಿಗೂ ಗಾಬರಿಯಾಗಿರಲಿಲ್ಲ. ಚೆನ್ನಾಗಿ ಬಂದಿದೆ ಎಂದು ಪಾನಾನೇ ಹೇಳಿದ್ದ. ಅಲ್ಲಿದ್ದವರೆಲ್ಲ ಅದನ್ನು ನೋಡಿದ್ದರು. ಅದರಲ್ಲಿರುವುದು ಒಬ್ಬರಿಗೂ ಕಂಡಿರಲಿಲ್ಲ.

"ಪಾನಾ, ಕವಲಿಂದ ಈ ಹಳ್ಳಿವರೆಗೆ ಸ್ಟುಡಿಯೋ ಎಲ್ಲಾದ್ರೂ ನಿಂತ್ನಾ?"

"ಇಲ್ಲ ಮೇಡಂ. ನನ್ನ ಗಾಡಿ ಮುಂದೆನೇ ಇದ್ದ. ದಟ್ಟ ಮಂಜು, ಅವನ ಕೆಂಪು ಲೈಟ್ ನೋಡ್ಕೊಂಡೇ ಕಣಿವೆ ದಾಟಿದ್ದು."

"ಆಗ ಕ್ಯಾಪ್ಟನ್?"

"ಆಗ್ಲೇ ಇಲ್ಲಿಗೆ ಬಂದಾಗಿತ್ತು."

"ಸರಿ." ಸರ್ವೇಯರಮ್ಮ ಕುರ್ಚಿ ಎಳೆದು ಕ್ಯಾಪ್ಟನ್ ಎದುರಿಗೆ ಕೂತಳು. "ಫೋಟೋದಲ್ಲಿ ನಿಮ್ಮ ಎರಡೂ ಕೈ ಹ್ಯಾಂಡಲ್ ಮೇಲಿತ್ತು. ಬೈಕ್ ಓಡ್ತಿತ್ತು. ಎದುರಿಗೆ ನಿಂತು ತೆಗೆದವರು ಯಾರು? ನಾವೆಲ್ಲ ಕೆಳಗಿದ್ವಿ. ಮೇಲೆ ಇದ್ದಿದ್ದು ನೀವು, ನಿಮಗೆ ಹತ್ತಿರ ಇದ್ದಿದ್ದು ಕವಲಲ್ಲಿ ನಿಂತವನು. ಫೋಟೋ ತೆಗೆಯೋದೇ ಅವನ ಕಸುಬು. ಮೊಬೈಲ್ ತೆಗೀರಿ, ಎಷ್ಟು ಗಂಟೆಗೆ ತೆಗೆದಿದ್ದು ಅಂತ ಅದರಲ್ಲೇ ಇರುತ್ತೆ."

ಕ್ಯಾಪ್ಟನ್ ಜೇಬಿಗೆ ಕೈ ಹಾಕಲಿಲ್ಲ. "ಅಳಿಸ್ಬಿಟ್ಟೆ."

"ಯಾವಾಗ?"

ಕ್ಯಾಪ್ಟನ್ ಎದುರಿನ ಲೋಟವನ್ನು ಪಕ್ಕಕ್ಕೆ ಸರಿಸಿದ.

"ಬೇಡ ಬಿಡಿ. ಗಾಡಿಯೇ ಹೇಳುತ್ತೆ. ಆ ತಿರುವಿಂದ ಕಲ್ಲಿನ ಮೇಲೆ ಉರುಳಿ ಬಂದ ಬೈಕಿನ ಹೆಡ್‌ಲೈಟ್ ಗಾಜಿಗೆ ಒಂದು ಗೀರೂ ಇಲ್ಲ ಅಂದ್ರೆ ನಾನು ನಂಬಲ್ಲ. ಅದು ಬಿದ್ದಿದ್ದು ಮುರುಕು ಸೇತುವೆಯಿಂದ, ಮೆತ್ತನೆ ಕೆಸರಿಗೆ. ಬೈಕಿಗೆ ಕೆಸರು ಸಿಕ್ತು, ಮೇಷ್ಟ್ರಿಗೆ ಬಂಡೆ ಸಿಕ್ತು. ಅವರು ಕವಲಿಗೆ ಬಂದಾಗ ಯಾರೂ ನಿಂತಿರ್ಲಿಲ್ಲ. ಪದ್ಧತಿ ಪ್ರಕಾರ ನೇರ ಹೋದ್ರು."

"ಮತ್ತೆ ನಟ್ಟು?" ಡಾಕ್ಟರ್ ಪಿಸುಗುಟ್ಟಿದ.

"ರಾಡೆಲ್ಲಾ ಕೆಸರು. ನಟ್ಟು ಕೂತಿದ್ದ ಜಾಗ ಮಾತ್ರ ಸ್ವಚ್ಛ. ಅಂದ್ರೆ ಕೆಸರಿಗೆ ಬೀಳುವಾಗ ನಟ್ಟು ಅಲ್ಲೇ ಇತ್ತು. ತೆಗೆದಿದ್ದು ಆಮೇಲೆ. ಆಮೇಲೆ ಬೈಕ್ ಹತ್ರ ಹೋದವರು ಒಬ್ರೇ. ಪೆಟ್ರೋಲ್ ಕಾಕ್ ಮುಚ್ಚೋಕೆ ಅಂತ. ಇವತ್ತು ಬೆಳಿಗ್ಗೆ ಆ ಕಾಕ್ ತೆರೆದೇ ಇತ್ತು, ಪೆಟ್ರೋಲ್ ಸೋರ್ತಿತ್ತು. ಮುಚ್ಚಿದ್ದು ಪಾನಾ. ಹಾಗಿದ್ರೆ ನಿನ್ನೆ ನೀವು ಅಲ್ಲಿ ಕೂತು ಏನ್ ಮಾಡ್ತಿದ್ರಿ ಕ್ಯಾಪ್ಟನ್?"

ಉಪ್ಪಿನ ಡಬ್ಬಿ ಉರುಳಿತು. ಸ್ಟುಡಿಯೋ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದ.

"ಬಾವಾ, ನಂಗಾಗಲ್ಲ... ಹೇಳ್ಬಿಡಿ ಬಾವಾ. ಬರಲ್ಲ ಅಂದೆ ನಾನು. ಮಂಜು ಸರಿದಿದೆ, ಐದೇ ನಿಮಿಷ, ಹದಿನೆಂಟು ವರ್ಷದಲ್ಲಿ ಈ ಕಣಿವೇಲಿ ಬಿಸಿಲು ಸಿಕ್ಕಿರ್ಲಿಲ್ಲ ಅಂತ ನೀವೇ ವಾಪಸ್ ಬಂದು ಕರೆದ್ರಿ. ಕವಲಿಗೆ ಮರಳಿದಾಗ ಯಾರೂ ಇರ್ಲಿಲ್ಲ. ಮೇಷ್ಟ್ರು ಇನ್ನೂ ಹಿಂದಿದ್ದಾರೆ ಅಂತ್ಲೇ ನಾನು... ಹಿಂದಿದ್ದಾರೆ ಅಂತ್ಲೇ... ಎರಡು ಹಾರ್ನ್ ಕೇಳಿದ್ಮೇಲೆ ಬಾಯಿ ಬಿಡೋಕೆ ಧೈರ್ಯ ಬರ್ಲಿಲ್ಲ."

ಕ್ಯಾಪ್ಟನ್ ಅಂಗಿಯ ಒಳಜೇಬಿನಿಂದ ಏನನ್ನೋ ತೆಗೆದು ಮೇಜಿನ ಮೇಲಿಟ್ಟ. ಚಿಟ್ಟೆಯಾಕಾರದ ನಟ್ಟು. ಅದರ ಮೇಲೆ ಅರ್ಧ ಗುಲಾಬಿ ಗೆರೆ.

"ತೊರೆಗೆ ಎಸೀಬೇಕು ಅಂದ್ಕೊಂಡೆ," ಎಂದ. "ಕೈ ಬರ್ಲಿಲ್ಲ."

"ನನ್ನ ತಲೆಗೆ ಕಟ್ಟೋಕೆ ಮಾತ್ರ ಕೈ ಬಂತಾ ಕ್ಯಾಪ್ಟನ್?" ಪಾನಾನ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತೆಂದು ಎಲ್ಲರಿಗೂ ಅನಿಸಿತು.

ಪೊಲೀಸಿನವರು ಬಂದಾಗ ಹನ್ನೊಂದೂವರೆ. ಬರೆಯದೇ ಉಳಿದ ಕಾಗದವನ್ನು ಕ್ಯಾಪ್ಟನ್ನೇ ಮುಂದೆ ಎಳೆದುಕೊಂಡು ಬರೆದ. ಬಾವ, ಬಾಮೈದ ಇಬ್ಬರೂ ಜೀಪು ಹತ್ತಿದರು. ಜೀಪಿನಲ್ಲಿ ಅಕ್ಕಪಕ್ಕ ಕೂತರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮಧ್ಯಾಹ್ನ ಪಂಚನಾಮೆ ಮುಗಿದ ಮೇಲೆ ಉಳಿದವರು ಬಂದ ದಾರಿಯಲ್ಲೇ ಹೊರಟರು. ಮುಂದೆ ಡಾಕ್ಟರ್, ಅವನ ಹಿಂದೆ ಸರ್ವೇಯರಮ್ಮ, ಕೊನೆಯಲ್ಲಿ ಪಿಕಪ್. ಹಿಂದಿನ ತೊಟ್ಟಿಯಲ್ಲಿ ಗಂಟುಮೂಟೆಗಳನ್ನು ಒಂದು ಬದಿಗೆ ಸರಿಸಿ, ಕಂಬಳಿ ಹಾಸಿ, ಮೇಷ್ಟ್ರನ್ನು ಮಲಗಿಸಿದ್ದರು. ಮೇಲೆ ಟಾರ್ಪಾಲು. ಪಾನಾ ಒಂದೊಂದು ಗುಂಡಿಯನ್ನೂ ತಪ್ಪಿಸುತ್ತ, ನಡಿಗೆಯ ವೇಗದಲ್ಲಿ ಓಡಿಸಿದ.

ಮಂಜಿನಲ್ಲಿ ಕವಲು ಬಂತು. ಸರ್ವೇಯರಮ್ಮ ಬೈಕ್ ನಿಲ್ಲಿಸಿ, ಹಳೇ ರಸ್ತೆಗೆ ಬೆನ್ನು ಹಾಕಿ, ಸರಿದಾರಿಗೆ ಕೈ ಚಾಚಿ ನಿಂತಿದ್ದಳು. ಇದ್ದಿದ್ದೇ ಮೂರು ಗಾಡಿ. ಆದರೂ ನಿಂತಿದ್ದಳು.

ಪಾನಾ ಪಕ್ಕಕ್ಕೆ ಬಂದು ಗಾಡಿ ನಿಲ್ಲಿಸಿದ. ಹಾರ್ನಿನ ಮೇಲೆ ಕೈಯಿಟ್ಟ. ಒತ್ತಲು ಆಗಲಿಲ್ಲ. ನಿನ್ನೆ ಇದೇ ಜಾಗದಲ್ಲಿ ಎರಡು ಸಲ ಒತ್ತಿದ್ದ, ಕೂಗಳತೆಯಲ್ಲಿ ಮೇಷ್ಟ್ರು ಬಂಡೆಯ ಮೇಲೆ ಬಿದ್ದಿರುವಾಗ.

ಅವಳು ಕಿಟಕಿಯ ಹತ್ತಿರ ಬಂದಳು. "ಯಾಕೋ? ನಾನು ಇಲ್ಲೇ ನಿಂತಿರ್ಬೇಕಾ?"

"ಎಲ್ರೂ ಬಂದ್ರು ಅಂತ ಹೇಗೆ ಹೊಡೀಲಿ ಮೇಡಂ?"

ಅವಳು ಹಿಂದಿನ ಟಾರ್ಪಾಲನ್ನು ನೋಡಿದಳು. ಗಾಳಿಗೆ ಎದ್ದಿದ್ದ ಅದರ ಒಂದು ಮೂಲೆಯನ್ನು ಎಳೆದು ಸಿಕ್ಕಿಸಿದಳು.

"ಬಂದಿದ್ದಾರಲ್ಲೋ. ತಡವಾಗಿ ಬಂದ್ರು, ಅಷ್ಟೇ."

ಪಾನಾ ಹಾರ್ನ್ ಒತ್ತಿದ. ಸ್ವಲ್ಪ ತಡೆದು, ಇನ್ನೊಮ್ಮೆ ಒತ್ತಿದ.