ಅರವತ್ತೊಂದನೇ ಸಾಲು

“ಮೇಡಂ, ಒಬ್ಬ ಮನುಷ್ಯ ಕಾಣೆಯಾಗಿದ್ದಾನೆ!”

ಸೋಮವಾರ ಬೆಳಗ್ಗೆ ವೈದ್ಯಕೀಯ ಕಾಲೇಜಿನ ಗ್ರಂಥಾಲಯ ಆಗಷ್ಟೇ ಬಾಗಿಲು ತೆರೆದಿತ್ತು. ಸಂಶೋಧಕಿ ಏದುಸಿರು ಬಿಡುತ್ತ ಮೇಜಿನ ಮುಂದೆ ನಿಂತಿದ್ದಳು. ಗ್ರಂಥಪಾಲಕಿ ತಲೆ ಎತ್ತಿದಳು.

“ಯಾರು?”

“ಅದೇ ಗೊತ್ತಿಲ್ಲ. ಪಟ್ಟಿಯಲ್ಲಿ ಇನ್ನೂರ ಹನ್ನೆರಡು ಸಾಲು ಇರ್ಬೇಕಿತ್ತು. ತಲೆಗೊಂದು ಸಾಲು. ಈಗ ಎಣಿಸಿದ್ರೆ ಇನ್ನೂರ ಹನ್ನೊಂದು.”

“ಸರಿಯಾಗಿ ಎಣಿಸಿದ್ಯಾ?”

“ಆರು ಸಲ! ಸಂಜೆ ನಾಲ್ಕಕ್ಕೆ ಸುರಕ್ಷತಾ ಸಮಿತಿ ಕೂರುತ್ತೆ ಮೇಡಂ. ದೋಷ ಸಿಕ್ಕಿದ ಒಬ್ಬೊಬ್ಬರ ಬಗ್ಗೆಯೂ ಕೇಳ್ತಾರೆ — ಯಾವಾಗ ಗೊತ್ತಾಯ್ತು, ಯಾವಾಗ ತಿಳಿಸಿದ್ರಿ ಅಂತ. ನಾನು ಏನು ಹೇಳ್ಲಿ?”

ಪಟ್ಟಿ ಸಾಮಾನ್ಯದ್ದಲ್ಲ. ಎದೆಬಡಿತವನ್ನು ಇದ್ದಕ್ಕಿದ್ದಂತೆ ನಿಲ್ಲಿಸಿಬಿಡುವ ಒಂದು ವಂಶದೋಷವಿದೆ. ಅದು ಯಾರ ರಕ್ತದಲ್ಲಿದೆ ಎಂದು ಹುಡುಕಲು ಆಸ್ಪತ್ರೆಯ ಇನ್ನೂರ ಹನ್ನೆರಡು ನೌಕರರು ಎರಡು ವರ್ಷದ ಹಿಂದೆ ರಕ್ತ ಕೊಟ್ಟಿದ್ದರು. ರಕ್ತದಿಂದ ಓದಿದ ಕೋಟ್ಯಂತರ ಅಕ್ಷರಗಳಲ್ಲಿ ತಪ್ಪಕ್ಷರ ಹುಡುಕುವುದು ಕಂಪ್ಯೂಟರಿನ ಕೆಲಸ. ಆದರೆ ಆ ತಪ್ಪಿನ ಬಗ್ಗೆ ಜಗತ್ತಿನಲ್ಲಿ ಯಾರು ಏನು ಬರೆದಿದ್ದಾರೆ, ಅದು ಯಾವ ಸಂಗ್ರಹದಲ್ಲಿದೆ, ಹೇಗೆ ಹುಡುಕಬೇಕು ಎಂದು ಸಂಶೋಧಕರಿಗೆ ಕಲಿಸುವುದು ಗ್ರಂಥಪಾಲಕಿಯ ಕೆಲಸ. ಪ್ರತಿ ಗುರುವಾರ ತರಬೇತಿ ಕೋಣೆಯಲ್ಲಿ ಇಪ್ಪತ್ತು ಜನರಿಗೆ ಪಾಠ ಮಾಡುತ್ತಿದ್ದಳು.

ಮೂರು ತಿಂಗಳ ಹಿಂದೆ ಅವಳ ಅಣ್ಣ ತೀರಿಕೊಂಡಿದ್ದ. ಇದೇ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದವನು, ಒದ್ದೆ ಚಾದರಗಳನ್ನು ಗಾಡಿಗೆ ತುಂಬುತ್ತಿದ್ದ ಹಾಗೆಯೇ ಕುಸಿದಿದ್ದ. ನಲವತ್ತೊಂದು ವಯಸ್ಸು. ಹತ್ತನೇ ದಿನಕ್ಕೆ ಅವಳು ಕೆಲಸಕ್ಕೆ ಬಂದಳು. ಯಾರ ಮುಂದೆಯೂ ಅಳಲಿಲ್ಲ, ಒಬ್ಬಳೇ ಇದ್ದಾಗಲೂ ಅಳಲಿಲ್ಲ. ಜನ ‘ಗಟ್ಟಿಗಿತ್ತಿ’ ಎಂದರು. ಗಟ್ಟಿಯೇನೂ ಅಲ್ಲ, ಮರಗಟ್ಟಿತ್ತು ಅಷ್ಟೆ. ಊಟ ಮಾಡಿದರೆ ಉಪ್ಪು ಗೊತ್ತಾಗುತ್ತಿರಲಿಲ್ಲ.

“ಕಂಪ್ಯೂಟರಿನವನನ್ನ ಕರಿ,” ಎಂದಳು.

ಕಂಪ್ಯೂಟರ್ ವಿಭಾಗದವನಿಗೆ ದುಂಡು ಕನ್ನಡಕದ ದೆಸೆಯಿಂದ ‘ಗೂಬೆ’ ಎಂಬ ಹೆಸರು ಬಿದ್ದಿತ್ತು. ಅವನೂ ಅದನ್ನು ಒಪ್ಪಿಕೊಂಡಿದ್ದ. ವಿಷಯ ಕೇಳಿದ್ದೇ ಹಣೆ ಒರೆಸಿಕೊಂಡ.

“ನಾನಲ್ಲ ಮೇಡಂ!”

“ನೀನು ಅಂತ ಯಾರು ಹೇಳಿದ್ರು? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಯಾಕೆ ಮುಟ್ಕೋತೀಯ? ಯಾವಾಗ ಅಳಿಸಿದ್ದು, ಯಾವ ಕಂಪ್ಯೂಟರಿನಿಂದ — ಅದನ್ನ ಹೇಳು.”

ಅವನು ಕೀಲಿಮಣೆ ಬಡಿದ. ಮುಖ ಇನ್ನಷ್ಟು ಬಿಳಿಚಿತು.

“ಹೋದ ಗುರುವಾರ. ಹನ್ನೊಂದು ನಲವತ್ತು. ತರಬೇತಿ ಕೋಣೆಯ ಒಂಬತ್ತನೇ ಕಂಪ್ಯೂಟರ್. ಲಾಗಿನ್... ತರಬೇತಿಯದ್ದು ಮೇಡಂ.”

“ಅಂದ್ರೆ ನನ್ನ ಪಾಠದ ಲಾಗಿನ್. ಅದ್ರಿಂದ ಈ ಪಟ್ಟಿ ಮುಟ್ಟೋಕೆ ಹೇಗಾಯ್ತು?”

ಗೂಬೆ ಗಂಟಲು ಸರಿಮಾಡಿಕೊಂಡ. “ಒಂದು ಸಲ ಅಭ್ಯಾಸಕ್ಕೆ ಬೇಕು ಅಂತ ಅನುಮತಿ ಕೊಟ್ಟಿದ್ದೆ. ತೆಗೆಯೋದು ಮರ್ತೆ. ದಯವಿಟ್ಟು ಈ ಸಂಶೋಧನೆ ನಡೆಸೋ ಪ್ರೊಫೆಸರಿಗೆ ಹೇಳ್ಬೇಡಿ, ನನ್ನ ಕೆಲಸಕ್ಕೆ ಕಲ್ಲು ಬೀಳುತ್ತೆ.”

“ಹಾಗಾದ್ರೆ ಕ್ಲಾಸಿನಲ್ಲಿದ್ದ ಇಪ್ಪತ್ತು ಜನರಲ್ಲಿ ಯಾರು ಬೇಕಾದ್ರೂ ಅಳಿಸಿರಬಹುದು,” ಎಂದಳು ಸಂಶೋಧಕಿ, ಸಣ್ಣ ದನಿಯಲ್ಲಿ. “ನಾನೂ ಸೇರಿ.”

“ನೀನಲ್ಲ. ಹನ್ನೊಂದು ನಲವತ್ತಕ್ಕೆ ಪ್ರೊಜೆಕ್ಟರ್ ಕೈಕೊಟ್ಟಿತ್ತು, ನೆನಪಿದೆಯಾ? ಪಾಠಕ್ಕೆ ಕೂತಿದ್ದ ಇವನೇ ಏಣಿ ಹತ್ತಿದ್ದ. ನೀನು ಏಣಿ ಹಿಡಿದಿದ್ದೆ. ನಾನು ಕೆಳಗಿಂದ ನೋಡ್ತಿದ್ದೆ. ಉಳಿದ ಹದಿನೆಂಟು ಜನ ಎದ್ದು ಓಡಾಡ್ತಿದ್ರು.”

“ಹದಿನೆಂಟು ಜನರಲ್ಲಿ ಒಬ್ಬರನ್ನ ಹೇಗೆ ಹಿಡಿಯೋದು?”

“ಅಳಿಸಿದ್ದು ಯಾರು ಅಂತ ಆಮೇಲೆ ನೋಡೋಣ. ಅಳಿಸಿದ್ದು *ಯಾರನ್ನ*? ಮೊದಲು ಅದು ತಿಳೀಲಿ. ಹಳೇ ಪ್ರತಿ ಇದೆಯಲ್ಲ?”

ಇತ್ತು. ಭಾನುವಾರಕ್ಕೊಮ್ಮೆ ತಾನಾಗಿ ಎತ್ತಿಡುವ ಪ್ರತಿ. ಗೂಬೆ ಅಳಿಸುವ ಮುಂಚಿನ ಭಾನುವಾರದ್ದನ್ನು ತೆರೆದ, ಈಗಿನ ಪಟ್ಟಿಯ ಪಕ್ಕ ಇಟ್ಟ. ಒಂದು ಸಾಲು ಕೆಂಪಗೆ ಮಿನುಗಿತು.

ಸಂಖ್ಯೆ ಅರವತ್ತೊಂದು. ಗಂಡು. ನೌಕರ. ಜೀನಿನ ಹೆಸರು — ಐದು ಅಕ್ಷರ, ಕೊನೆಗೊಂದು ಅಂಕಿ. ದೋಷ: ಅಪಾಯಕಾರಿ. ಗಮನಕ್ಕೆ ಬಂದ ದಿನ: ಹೋದ ತಿಂಗಳ ಐದು.

ಗ್ರಂಥಪಾಲಕಿ ಆ ಸಂಖ್ಯೆಯನ್ನೇ ನೋಡುತ್ತ ಕೂತಳು. ರಕ್ತ ಕೊಡುವ ದಿನ ಅಣ್ಣನನ್ನು ಬಲವಂತ ಮಾಡಿ ಕರೆತಂದವಳು ಅವಳೇ. ಅರ್ಜಿ ತುಂಬಿದ್ದೂ ಅವಳೇ. ಸಂಖ್ಯೆಯ ಚೀಟಿಯನ್ನು ತೋಳಿಗೆ ಅಂಟಿಸಿಕೊಂಡು ಅವನು ನಕ್ಕಿದ್ದ — “ಅರವತ್ತೊಂದು! ಜೀವಮಾನದಲ್ಲಿ ಮೊದಲ ಸಲ ಫಸ್ಟ್ ಕ್ಲಾಸು ಕಣೇ!”

ನೋವಾಗಬೇಕಿತ್ತು. ಆಗಲಿಲ್ಲ. ಅವಳು ಎದ್ದು ಕಿಟಕಿಯ ಬಳಿ ಹೋಗಿ ಅತ್ತಿಗೆಗೆ ಫೋನ್ ಮಾಡಿದಳು.

“ಅತ್ತಿಗೆ, ಮಗಳು ಎಲ್ಲಿ?”

“ಶಾಲೆಗೆ ಹೋಗಿದ್ದಾಳೆ. ಮಧ್ಯಾಹ್ನ ಓಟದ ಅಭ್ಯಾಸ ಇದೆ. ಯಾಕಮ್ಮ?”

“ಇವತ್ತು ಓಡಿಸ್ಬೇಡಿ. ಈಗಲೇ ಹೋಗಿ ಕರ್ಕೊಂಡು ಬನ್ನಿ. ನಡೆಸ್ಕೊಂಡೇ ಬನ್ನಿ. ಸೀದಾ ಇಲ್ಲಿ ಹೃದಯದ ವಿಭಾಗಕ್ಕೆ. ಭಯಪಡ್ಬೇಡಿ, ಒಂದು ಪರೀಕ್ಷೆ ಅಷ್ಟೆ. ಆಮೇಲೆ ಎಲ್ಲಾ ಹೇಳ್ತೀನಿ.”

“ಹೊರಟೆ,” ಎಂದರು ಅತ್ತಿಗೆ. ಹದಿಮೂರು ವರ್ಷದ ಹುಡುಗಿ. ಅಪ್ಪನ ರಕ್ತ.

ಹನ್ನೊಂದು ಗಂಟೆಗೆ ಚಿಕ್ಕ ಡಾಕ್ಟರು ಬಂದರು. ಪ್ರೊಫೆಸರಿಗಿಂತ ಕಿರಿಯರಾದ್ದರಿಂದ ಎಲ್ಲರೂ ಹಾಗೇ ಕರೆಯುತ್ತಿದ್ದರು. ಯಾರ ರಕ್ತದಲ್ಲಿ ದೋಷ ಕಂಡಿತೋ ಅವರಿಗೆ ಕಾಗದ ಬರೆದು ತಿಳಿಸುವುದು ಅವರ ಹೊಣೆ. ಮಾತು ಮೃದು, ನಡತೆ ಮೃದು. ಗುರುವಾರದ ಪಾಠಕ್ಕೂ ತಪ್ಪದೆ ಬರುತ್ತಿದ್ದರು. ಹೋದ ತಿಂಗಳಿಂದ ದಿನವೂ ಗ್ರಂಥಪಾಲಕಿಗೊಂದು ಲೋಟ ಚಹಾ ತಂದುಕೊಡುತ್ತಿದ್ದರು. ಇವತ್ತೂ ತಂದಿದ್ದರು.

“ಏನೋ ಸಾಲು ಕಾಣೆಯಾಗಿದೆಯಂತೆ ಅಕ್ಕ?”

“ಸಿಕ್ತು ಡಾಕ್ಟ್ರೇ. ಅರವತ್ತೊಂದು.”

ಲೋಟ ಮೇಜಿನ ಮೇಲೆ ಸದ್ದಿಲ್ಲದೆ ಇಳಿಯಿತು.

“ಸಿಕ್ತಲ್ಲ, ಒಳ್ಳೇದಾಯ್ತು. ಕ್ಲಾಸಿನಲ್ಲಿ ಯಾರೋ ಕೈತಪ್ಪಿ ಒತ್ತಿರ್ತಾರೆ.”

“ಇರಬಹುದು. ಈ ಜೀನಿನ ಬಗ್ಗೆ ನಿಮಗೆ ಮೊದಲೇ ಗೊತ್ತಿತ್ತಾ?”

“ಇಲ್ಲಪ್ಪ. ಹೋದ ತಿಂಗಳು ಹೊಸದಾಗಿ ಪಟ್ಟಿ ಮಾಡಿದಾಗಲೇ ಕಂಡಿದ್ದು. ಅದಕ್ಕೆ ಮುಂಚೆ ಆ ಹೆಸರನ್ನೇ ಕೇಳಿರ್ಲಿಲ್ಲ.”

“ಸರಿ,” ಎಂದಳು. ಅವರು ಹೋದರು.

ಗ್ರಂಥಾಲಯಕ್ಕೆ ಯಾರು ಯಾವ ಲೇಖನ ಕೇಳಿದರೂ ಒಂದು ಕೋರಿಕೆ ಚೀಟಿ ಉಳಿಯುತ್ತದೆ. ಈ ಜೀನನ್ನು ಮೊದಲು ಯಾರಾದರೂ ಕೇಳಿದ್ದರೆ ಅದರ ಜಾಡು ಅಲ್ಲಿರಬೇಕು. ಅವಳು ಐದಕ್ಷರ, ಒಂದಂಕಿಯ ಆ ಹೆಸರು ಹಾಕಿ ಐದು ವರ್ಷದ ಚೀಟಿಗಳನ್ನೆಲ್ಲ ಜಾಲಾಡಿದಳು. ಒಂದೂ ಸಿಗಲಿಲ್ಲ.

“ಇಲ್ವಾ ಮೇಡಂ?” ಸಂಶೋಧಕಿ ಇಣುಕಿದಳು.

“ಇಲ್ಲ.”

“ಹಾಗಾದ್ರೆ ಯಾರಿಗೂ ಗೊತ್ತಿರ್ಲಿಲ್ಲ.”

ಗ್ರಂಥಪಾಲಕಿ ಆರಿದ ಚಹಾದ ಲೋಟವನ್ನು ಪಕ್ಕಕ್ಕೆ ಸರಿಸಿದಳು. ಕೀಲಿಮಣೆಯ ಮೇಲೆ ಬೆರಳಿಟ್ಟು ಬಹಳ ಹೊತ್ತು ಹಾಗೇ ಕೂತಳು. ಆಮೇಲೆ ಇನ್ನೊಮ್ಮೆ ಹುಡುಕಿದಳು. ಈ ಸಲ ಒಂದು ಚೀಟಿ ಬಂತು. ಅದನ್ನು ಅಚ್ಚು ಹಾಕಿ, ಮಡಚಿ, ಕಿಸೆಯಲ್ಲಿಟ್ಟುಕೊಂಡಳು.

ಮಧ್ಯಾಹ್ನ ಮೂರಕ್ಕೆ ತರಬೇತಿ ಕೋಣೆಯಲ್ಲಿ ನಾಲ್ವರೇ ಇದ್ದರು — ಸಂಶೋಧಕಿ, ಗೂಬೆ, ಚಿಕ್ಕ ಡಾಕ್ಟರು ಮತ್ತು ಅವಳು. ಪ್ರೊಜೆಕ್ಟರ್ ಆರಿತ್ತು.

“ತಪ್ಪು ನನ್ನಿಂದಲೂ ಆಯ್ತು,” ಎಂದು ಗ್ರಂಥಪಾಲಕಿ ಶುರುಮಾಡಿದಳು. ಪಾಠ ಹೇಳುವ ದನಿಯೇ. ಏರಿಳಿತವಿಲ್ಲ. “ಕ್ಲಾಸಿನ ಮೊದಲನೇ ಗಂಟೆಯಲ್ಲಿ ನಾನೇನು ಹೇಳಿಕೊಡ್ತೀನಿ?”

ಸಂಶೋಧಕಿ ಒಪ್ಪಿಸಿದಳು. “ಜೀನಿಗೆ ಮನುಷ್ಯರ ಹಾಗೆ ನಾಲ್ಕಾರು ಹೆಸರಿರುತ್ತೆ. ಮನೇಲಿ ಕರೆಯೋದು ಒಂದು, ಶಾಲೆ ದಾಖಲೆಯಲ್ಲಿ ಒಂದು. ಮೊದಲು ಕಂಡುಹಿಡಿದವರು ಒಂದು ಹೆಸರಿಟ್ಟಿರ್ತಾರೆ, ಆಮೇಲೆ ಬದಲಾಯಿಸಿರ್ತಾರೆ. ಒಂದೇ ಹೆಸರು ಹಾಕಿ ಹುಡುಕಿ, ಇಲ್ಲ ಅಂದುಬಿಡ್ಬೇಡಿ...” ಅವಳ ಮಾತು ನಿಂತಿತು. “ಅಯ್ಯೋ. ಹಳೇ ಹೆಸರು!”

“ವರ್ಷದ ಹಿಂದೆ ಈ ಜೀನಿನ ಹೆಸರು ಬದಲಾಯ್ತು. ಎಲ್ಲರಿಗೂ ಪಾಠ ಹೇಳಿ ನಾನೇ ಹೊಸ ಹೆಸರೊಂದನ್ನೇ ಹಾಕಿ ಹುಡುಕಿದೆ. ಹಳೇ ಹೆಸರು ಹಾಕಿದಾಗ ಇದು ಸಿಕ್ತು.” ಕಿಸೆಯಿಂದ ಚೀಟಿ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟಳು. “ಇಪ್ಪತ್ತು ತಿಂಗಳ ಹಿಂದಿನದು. ‘ಈ ದೋಷ ಇರುವವರ ಪ್ರಾಣಾಪಾಯ ಮತ್ತು ಚಿಕಿತ್ಸೆ — ಇರುವ ಲೇಖನವೆಲ್ಲ ಬೇಕು. ಉದ್ದೇಶ: ದಾನಿಗೆ ಕಾಗದ ಬರೆಯಲು.’ ಕೇಳಿದವರ ಸಹಿ ಓದ್ಲಾ ಡಾಕ್ಟ್ರೇ?”

ಚಿಕ್ಕ ಡಾಕ್ಟರು ನೆಲ ನೋಡುತ್ತಿದ್ದರು.

“ಆ ಹೆಸರನ್ನೇ ಕೇಳಿರ್ಲಿಲ್ಲ ಅಂದ್ರಿ. ಈ ಹೆಸರು ಕೇಳಿರ್ಲಿಲ್ಲ, ನಿಜ. ಹಳೇ ಹೆಸರಿನಲ್ಲಿ ಚೆನ್ನಾಗಿ ಗೊತ್ತಿತ್ತು. ಹೊಸ ಪಟ್ಟಿಯಲ್ಲಿ ಹೋದ ತಿಂಗಳ ತಾರೀಕು ಬಿದ್ದಿದೆ. ಆದ್ರೆ ಅರವತ್ತೊಂದನೇ ನಂಬರಿನವರು ತೀರಿಕೊಂಡು ಮೂರು ತಿಂಗಳಾಯ್ತು. ಸತ್ತವರ ಸಾಲು ನೋಡಿದ್ರೆ ಸಮಿತಿ ಹಳೇ ಕಡತವನ್ನೆಲ್ಲ ತರಿಸುತ್ತೆ. ಸಾಲೇ ಇಲ್ಲದಿದ್ರೆ? ಯಾರೂ ಏನೂ ಕೇಳಲ್ಲ. ಕ್ಲಾಸಿನಲ್ಲಿದ್ದ ಹದಿನೆಂಟು ಜನರಲ್ಲಿ ಹದಿನೇಳು ಜನಕ್ಕೆ ಅರವತ್ತೊಂದು ಬರೀ ಒಂದು ಸಂಖ್ಯೆ. ಅದಕ್ಕೆ ಹೆದರಬೇಕಾದವರು ಒಬ್ಬರೇ ಇದ್ರು. ಅಳಿಸಿದ್ದು ನೀವು.”

ಗೂಬೆ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡ.

“ಕಾಗದ ಬರೆದಿದ್ದೆ ಅಕ್ಕ,” ಎಂದರು ಚಿಕ್ಕ ಡಾಕ್ಟರು, ಕೊನೆಗೆ. “ಸುಳ್ಳಲ್ಲ. ಇನ್ನೊಂದು ಲ್ಯಾಬಿನಿಂದ ಖಚಿತ ಆಗ್ಲಿ ಅಂತ ಡ್ರಾಯರಿನಲ್ಲಿಟ್ಟೆ. ಖಚಿತ ಆಗಿಯೂ ಬಂತು. ಆ ವಾರ ನನ್ನ ಪರೀಕ್ಷೆ ಇತ್ತು. ನಾಳೆ ಕಳಿಸೋಣ ಅಂದ್ಕೊಂಡೆ.”

“ಆಮೇಲೆ?”

“ಆಮೇಲೆ ಏನೂ ಇಲ್ಲ. ಮರ್ತೆ.”

ಅವಳು ಕಾದಳು. ಇನ್ನೇನಾದರೂ ಇರಬೇಕೆಂದು — ಹಗೆಯೋ, ಆಸೆಯೋ, ಯಾರದೋ ಒತ್ತಡವೋ. ಏನೂ ಇರಲಿಲ್ಲ. ಒಂದು ಡ್ರಾಯರ್, ಒಂದು ನಾಳೆ.

“ಸಂಖ್ಯೆ ಯಾರದ್ದು ಅಂತ ಹೋದ ತಿಂಗಳು ನೋಡಿದೆ,” ಎಂದರು. “ನಿಮ್ಮ ಅಣ್ಣ ಅಂತ ಆಗಲೇ ಗೊತ್ತಾಗಿದ್ದು.”

ಸಂಶೋಧಕಿ ಬಾಯಿಗೆ ಕೈ ಅಡ್ಡ ಹಿಡಿದಳು. “ಮೇಡಂ... ನಿಮ್ಮ ಅಣ್ಣನಾ?”

“ಹೌದು. ಆ ಚೀಟಿಯ ಕೆಳಗೆ ಇನ್ನೊಂದು ಸಹಿ ಇದೆ, ನೋಡು. ಲೇಖನ ಹುಡುಕಿ ಕೊಟ್ಟವರದ್ದು. ನನ್ನದು. ಐದು ಲೇಖನ, ಎರಡೇ ಗಂಟೆಯಲ್ಲಿ ಕೊಟ್ಟಿದ್ದೆ. ಡಾಕ್ಟ್ರು ಶಹಬ್ಬಾಸ್ ಅಂದಿದ್ರು.”

ಸಂಶೋಧಕಿ ಚೀಟಿಯನ್ನು ಹತ್ತಿರಕ್ಕೆಳೆದು ಎರಡೂ ಸಹಿ ಓದಿದಳು.

“ನನ್ನನ್ನ ಏನು ಮಾಡ್ತೀರ?” ಚಿಕ್ಕ ಡಾಕ್ಟರು ಕೇಳಿದರು.

“ನಾನೇನು ಮಾಡ್ಲಿ? ಹುಡುಕಿಕೊಡೋದು ನನ್ನ ಕೆಲಸ. ಹುಡುಕಿದೀನಿ. ನಾಲ್ಕು ಗಂಟೆಗೆ ನೀವೇ ಸಮಿತಿಗೆ ಹೇಳಿ. ಹೇಳದಿದ್ರೆ ಈ ಚೀಟಿ ಹೇಳುತ್ತೆ. ಗೂಬೆ, ಸಾಲನ್ನ ಅದರ ಜಾಗಕ್ಕೆ ಹಾಕು. ನಿನ್ನ ತಪ್ಪನ್ನೂ ನೀನೇ ಬರೆದುಕೊಡು.”

ಕೆಳಗಿನ ಮಹಡಿಯಲ್ಲಿ ಅತ್ತಿಗೆ ಬೆಂಚಿನ ಮೇಲೆ ಕೂತಿದ್ದರು. ಹುಡುಗಿಯನ್ನು ಒಳಗೆ ಕರೆದುಕೊಂಡು ಹೋಗಿದ್ದರು. ಗ್ರಂಥಪಾಲಕಿ ಪಕ್ಕದಲ್ಲಿ ಕೂತು, ಬಚ್ಚಿಡದೆ ಎಲ್ಲವನ್ನೂ ಹೇಳಿದಳು.

ಅತ್ತಿಗೆ ಒಂದೇ ಮಾತು ಕೇಳಿದರು. “ಆಗಲೇ ಹೇಳಿದ್ರೆ ಉಳೀತಿದ್ರಾ?”

“ಮಾತ್ರೆ ಇದೆ. ಎದೆಯಲ್ಲಿ ಇಡೋ ಯಂತ್ರವೂ ಇದೆ. ಖಂಡಿತ ಅಂತ ಯಾವ ಲೇಖನವೂ ಹೇಳಲ್ಲ ಅತ್ತಿಗೆ. ಆದ್ರೆ ಉಳಿಯೋ ಸಾಧ್ಯತೆಯೇ ಹೆಚ್ಚಿತ್ತು.”

ಅತ್ತಿಗೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಅವಳು ಅವರ ಬೆನ್ನ ಮೇಲೆ ಕೈ ಇಟ್ಟಳು. ತನ್ನ ಕಣ್ಣು ಒಣಗಿಯೇ ಇತ್ತು.

ಆ ಸಂಜೆ ಚಿಕ್ಕ ಡಾಕ್ಟರು ಸಮಿತಿಯ ಮುಂದೆ ತಾವೇ ಒಪ್ಪಿಕೊಂಡರು. ವಿಚಾರಣೆ ಮುಗಿಯುವವರೆಗೆ ಅವರನ್ನು ಕೆಲಸದಿಂದ ದೂರವಿಟ್ಟರು. ಪಟ್ಟಿಯಲ್ಲಿ ದೋಷ ಕಂಡಿದ್ದ ಇನ್ನೂ ನಾಲ್ವರಿಗೆ ಮರುದಿನವೇ ಸುದ್ದಿ ಮುಟ್ಟಿತು. ಮೂರು ವಾರಕ್ಕೆ ಹುಡುಗಿಯ ವರದಿ ಬಂತು. ಅಪ್ಪನ ತಪ್ಪಕ್ಷರ ಅವಳಲ್ಲೂ ಇತ್ತು. ಅದೇ ದಿನ ಮಾತ್ರೆ ಶುರುವಾಯಿತು. ನಡೆಯಬಹುದು, ಸೈಕಲ್ಲು ನಿಧಾನವಾಗಿ ಹೊಡೆಯಬಹುದು. ಸ್ಪರ್ಧೆಯ ಓಟ ಮಾತ್ರ ಸದ್ಯಕ್ಕೆ ಬೇಡ.

ಅದನ್ನು ಹೇಳುವ ಕೆಲಸ ಗ್ರಂಥಪಾಲಕಿಯ ಪಾಲಿಗೇ ಬಂತು. ಹುಡುಗಿ ಕೇಳಿಸಿಕೊಂಡಳು. ಆಮೇಲೆ ಕೈಯಲ್ಲಿದ್ದ ಚೀಲವನ್ನು ಗೋಡೆಗೆ ಎಸೆದಳು.

“ಮುಂದಿನ ತಿಂಗಳು ಫೈನಲ್ ಇದೆ ಅತ್ತೆ! ನಿಮಗೇನು ಗೊತ್ತು? ನೀವು ಯಾವತ್ತಾದ್ರೂ ಓಡಿದೀರಾ? ಪುಸ್ತಕದ ಹುಳ! ನೀವು ಯಾಕೆ ಹುಡುಕಿದ್ರಿ? ಯಾರು ಹುಡುಕು ಅಂದಿದ್ರು ನಿಮಗೆ?”

“ಬೈಯಿ,” ಎಂದಳು ಗ್ರಂಥಪಾಲಕಿ.

ಹುಡುಗಿ ಬೈದಳು. ಕಾಲು ಅಪ್ಪಳಿಸಿ, ಮುಖ ಕೆಂಪಗೆ ಮಾಡಿಕೊಂಡು, ಉಸಿರು ಕಟ್ಟುವವರೆಗೆ ಬೈದಳು. ಮತ್ತೆ ಉಸಿರೆಳೆದುಕೊಂಡು ಬೈದಳು. ಅತ್ತಿಗೆ ತಡೆಯಲು ಬಂದರು. ಅವಳು ಬೇಡವೆಂದು ಕೈ ಎತ್ತಿದಳು. ಹುಡುಗಿಯ ಆ ಎಳೆದ ಉಸಿರು ಕಿವಿಗೆ ಬಿದ್ದಾಗ, ಇಷ್ಟು ದಿನ ಮರಗಟ್ಟಿದ್ದ ಎದೆಯೊಳಗೆ ಏನೋ ಒಂದು ಚುಚ್ಚಿತು, ಬಹಳ ನೋಯಿತು.

“ಇನ್ನೂ ಬೈಯಿ,” ಎಂದಳು, ಕಣ್ಣೊರೆಸಿಕೊಳ್ಳುತ್ತ. “ನಿಲ್ಲಿಸ್ಬೇಡ.”