ಆಟದ ಅರಮನೆಯ ನಾಲ್ಕನೆಯ ಕಂಕಣ

ಬಹು ಹಿಂದೆ, ಮೋಡಗಳು ಕೆರೆಗೆ ಇಳಿದು ನೀರು ಕುಡಿದು ಹೋಗುತ್ತಿದ್ದ ಕಾಲದಲ್ಲಿ, ಬೆಳ್ಗಲ್ಲು ಎಂಬ ರಾಜ್ಯವಿತ್ತು. ಆ ರಾಜ್ಯದಲ್ಲಿ ಹಾಲಪ್ಪ ಎಂಬ ಕಲಾಯಿಗಾರನಿದ್ದ. ತಾಮ್ರದ ಪಾತ್ರೆಯ ಒಳಗೆ ತವರ ಬಳಿದು ಬೆಳ್ಳಗೆ ಮಾಡುವುದು ಅವನ ಕೆಲಸ. ಪಾತ್ರೆ ಕೈಗೆ ಬಂದರೆ ಮೊದಲು ಬೆರಳ ಗೆಣ್ಣಿನಿಂದ ತಟ್ಟುತ್ತಿದ್ದ. ಠಣ್ ಎಂದರೆ ಗಟ್ಟಿ. ಡಬ್ ಎಂದರೆ ಬಿರುಕು. ಪಾತ್ರೆ ಸುಳ್ಳು ಹೇಳುವುದಿಲ್ಲ ಎನ್ನುತ್ತಿದ್ದ.

ಅವನ ಹೆಂಡತಿ ಸಿರಿಯವ್ವ. ಅವನು ತವರ ಬಳಿಯುವಾಗ ಅವಳು ತಿದಿ ಒತ್ತಿ ಬೆಂಕಿಗೆ ಗಾಳಿ ಕೊಡುತ್ತಿದ್ದಳು. ಹನ್ನೆರಡು ವರ್ಷ ಕೊಟ್ಟಳು. ಒಂದು ಮಾಗಿಯಲ್ಲಿ ಜ್ವರ ಬಂತು. ಮೂರು ದಿನ ಇತ್ತು. ನಾಲ್ಕನೆಯ ದಿನ ಅವಳಿರಲಿಲ್ಲ.

ಮನೆಯಲ್ಲಿ ಉಳಿದವರು ಮೂವರು. ಹಾಲಪ್ಪ, ಎಂಟು ವರ್ಷದ ಮಗಳು ತುಂಗಿ, ಸಿರಿಯವ್ವನ ತಾಯಿ ದ್ಯಾಮವ್ವ. ಆದರೆ ಹಾಲಪ್ಪ ಊಟಕ್ಕೆ ನಾಲ್ಕು ತಟ್ಟೆ ಇಡುತ್ತಿದ್ದ. ಇಟ್ಟ ಮೇಲೆ ನೆನಪಾಗುತ್ತಿತ್ತು. ದ್ಯಾಮವ್ವ ಒಂದು ತಟ್ಟೆ ತೆಗೆದು ಗೂಡಿನಲ್ಲಿ ಇಡುತ್ತಿದ್ದಳು. ವರ್ಷ ಕಳೆದರೂ ಅದು ತಪ್ಪಲಿಲ್ಲ. ತುಂಗಿ ತಿದಿ ಒತ್ತಲು ಕಲಿತಳು. ನಗುವುದನ್ನು ಮರೆತಳು.

ಆ ವರ್ಷ ಮಿಂಚುಗಣ್ಣ ಎಂಬ ಮಾಯಾವಿ ರಾಜಧಾನಿಗೆ ಬಂದು ಆಟದ ಅರಮನೆ ಕಟ್ಟಿದ. ಅದಕ್ಕೆ ಕಿಟಕಿ ಇಲ್ಲ. ಒಳಗೆ ಬಿಸಿಲಿಲ್ಲ. ಗೋಡೆಗಳೇ ಬೆಳಗುತ್ತವೆ. ಗೋಡೆಯಲ್ಲಿ ಹುಲಿ ಓಡುತ್ತದೆ, ಕೈ ಬೀಸಿದರೆ ತಿರುಗಿ ನೋಡುತ್ತದೆ. ಸಂಸಾರ ಸಮೇತ ಬನ್ನಿ ಎಂದು ಊರೂರಿಗೆ ಡಂಗುರವಾಯಿತು.

“ಅಪ್ಪಾ, ಅಲ್ಲಿ ಸತ್ತರೆ ಮತ್ತೆ ಏಳಬಹುದಂತೆ,” ಎಂದಳು ತುಂಗಿ.

“ಅದು ಆಟದಲ್ಲಿ, ಮಗಾ.”

“ಎಷ್ಟು ಸಲ?”

“ಮೂರು ಜೀವ ಕೊಡ್ತಾರಂತೆ.”

ತುಂಗಿ ಬೆರಳು ಎಣಿಸಿದಳು. “ಅವ್ವಂಗೆ ಒಂದೇ ಕೊಟ್ಟಿದ್ರು,” ಎಂದಳು.

ಮರುದಿನ ಹಾಲಪ್ಪ ಕುಲುಮೆ ಹಚ್ಚಲಿಲ್ಲ. ಎಲ್ಲರೂ ಹೊರಟರು.

“ಗೋಡೆ ನೋಡೋಕೆ ಮೂರು ಹರದಾರಿ ನಡೀಬೇಕಾ? ನಮ್ಮನೇಲಿ ಗೋಡೆ ಇಲ್ವಾ?” ಎಂದು ದ್ಯಾಮವ್ವ ದಾರಿಯುದ್ದಕ್ಕೂ ಗೊಣಗಿದಳು. ಆದರೆ ಬುತ್ತಿಗೆ ರೊಟ್ಟಿ ಕಟ್ಟಿದವಳು ಅವಳೇ. ಎಲ್ಲರಿಗಿಂತ ಮುಂದೆ ನಡೆದವಳೂ ಅವಳೇ.

ಅರಮನೆಯ ಬಾಗಿಲಲ್ಲಿ ಒಂದು ಕಂಚಿನ ಗಿಣಿ ಕೂತಿತ್ತು.

“ಎಷ್ಟು ಮಂದಿ?” ಎಂದಿತು ಗಿಣಿ.

“ನಾಲ್ವರು,” ಎಂದ ಹಾಲಪ್ಪ.

ಅಂದ ಮೇಲೆ ನೆನಪಾಯಿತು. ಗಿಣಿ ಆಗಲೇ ಕೊಕ್ಕು ತೆರೆದು ನಾಲ್ಕು ಕಂಕಣ ಉದುರಿಸಿತ್ತು. ಒಂದೊಂದು ಕಂಕಣದಲ್ಲಿ ಮೂರು ಮಣಿ, ಮೂರೂ ದೀಪದಂತೆ ಉರಿಯುತ್ತಿದ್ದವು.

“ಒಂದು ಮಣಿ ಒಂದು ಜೀವ,” ಎಂದಿತು ಗಿಣಿ. “ನಾಲ್ವರು ಒಳಗೆ, ನಾಲ್ವರು ಹೊರಗೆ. ಸಂಜೆಯ ಗಂಟೆ ಬಾರಿಸುವುದರೊಳಗೆ ಬರಬೇಕು. ಲೆಕ್ಕ ಕೂಡದಿದ್ದರೆ ಬಾಗಿಲು ತೆರೆಯುವುದಿಲ್ಲ.”

ತಪ್ಪಾಯಿತು, ನಾವು ಮೂವರೇ ಎನ್ನಬೇಕಿತ್ತು. ಹಿಂದೆ ಜನ ನಿಂತಿದ್ದರು. ಮಗಳು ಮುಖ ನೋಡುತ್ತಿದ್ದಳು. ಹಾಲಪ್ಪ ಮೂವರ ಕೈಗೂ ಒಂದೊಂದು ಕಂಕಣ ತೊಡಿಸಿದ. ಉಳಿದ ಒಂದು ಕಂಕಣವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ದ್ಯಾಮವ್ವ ಅದನ್ನು ನೋಡಿದಳು. ಮೊಮ್ಮಗಳ ಕೈ ಹಿಡಿದು ಒಳಗೆ ನಡೆದಳು.

ಮೊದಲನೆಯ ಅಂಕಣದಲ್ಲಿ ನೆಲದ ತುಂಬ ಚೌಕದ ಕಲ್ಲುಗಳು. ಹಸಿರು ಬೆಳಗಿದ ಕಲ್ಲಿಗೆ ಹಾರಬೇಕು. ಕೆಂಪು ತುಳಿದರೆ ಒಂದು ಜೀವ ಹೋಯಿತು. ಹಾಲಪ್ಪ ಮೊದಲ ಹೆಜ್ಜೆಗೇ ಕೆಂಪು ತುಳಿದ. ನೆಲ ಬಾಯಿ ತೆರೆದು ಅವನನ್ನು ನುಂಗಿ, ಮೂಲೆಯಲ್ಲಿ ಉಗುಳಿತು. ಅವನ ಒಂದು ಮಣಿ ಆರಿತು. ಎದ್ದು ಬಂದ. ಮತ್ತೆ ಕೆಂಪೇ ತುಳಿದ. ಇನ್ನೊಂದು ಆರಿತು.

“ಅಳಿಯಾ, ನಿಂದು ಕಾಲೋ ಒನಕೆಯೋ?” ಎಂದಳು ದ್ಯಾಮವ್ವ. ಸೆರಗು ಬಿಗಿದಳು. ಒಂದು ಕಾಲು ಮಡಿಸಿದಳು. “ಇದು ಕುಂಟೆಬಿಲ್ಲೆ ಕಣೋ. ನಮ್ಮೂರಲ್ಲಿ ಇದರಲ್ಲಿ ನನ್ನ ಸೋಲಿಸಿದವರು ಇನ್ನೂ ಹುಟ್ಟಿಲ್ಲ.”

ಅರವತ್ತು ದಾಟಿದ ಮುದುಕಿ ಒಂಟಿಕಾಲಲ್ಲಿ ಹಸಿರಿನಿಂದ ಹಸಿರಿಗೆ ಹಾರಿದಳು. ಅವಳ ಹಿಂದೆ ತುಂಗಿ. ತುಂಗಿಯ ಹಿಂದೆ, ಅವರ ಹೆಜ್ಜೆ ನೋಡಿಕೊಂಡು, ಹಾಲಪ್ಪ. ನಡುವೆ ಅಜ್ಜಿ ತಿರುಗಿ ನಾಲಿಗೆ ಚಾಚಿ ಅಣಕಿಸಿದಳು. ತುಂಗಿ ಕಿಲಕಿಲ ನಕ್ಕಳು. ವರ್ಷದ ಮೇಲೆ ನಕ್ಕಳು. ಹಾಲಪ್ಪ ಅಲ್ಲೇ ನಿಂತು ಆ ನಗೆ ಕೇಳಿದ.

ಆಚೆ ದಡದಲ್ಲಿ ನಾಲ್ಕು ಕಲ್ಲು ಬೆಳಗಿದವು. ನಾಲ್ಕರ ಮೇಲೂ ನಿಂತರೆ ಮಾತ್ರ ಮುಂದಿನ ಬಾಗಿಲು. ಮೂವರು ಮೂರರ ಮೇಲೆ ನಿಂತರು. ನಾಲ್ಕನೆಯ ಕಲ್ಲಿನ ಮೇಲೆ ತಾವಾಗಿಯೇ ಎರಡು ಒದ್ದೆ ಹೆಜ್ಜೆ ಮೂಡಿದವು. ಬಾಗಿಲು ತೆರೆಯಿತು.

“ಅಪ್ಪಾ, ನೋಡು,” ಎಂದಳು ತುಂಗಿ ಮೆಲ್ಲಗೆ. “ಎಡಗಾಲಿನ ಕಿರುಬೆರಳು ನೆಲಕ್ಕೆ ತಾಗಿಲ್ಲ. ಅವ್ವಂದೂ ಹೀಗೇ ಇತ್ತು.”

ಹಾಲಪ್ಪನ ಸೊಂಟದಲ್ಲಿ ಕಂಕಣ ಬೆಚ್ಚಗಾಗಿತ್ತು.

ಎರಡನೆಯ ಅಂಕಣದಲ್ಲಿ ಗೋಡೆಯಷ್ಟು ದೊಡ್ಡ ಹುಲಿ. ಅದನ್ನು ಮಲಗಿಸಬೇಕು. ಹಾಲಪ್ಪ ಬೆಳಕಿನ ಚೆಂಡು ಎತ್ತಿ ಎಸೆದ. ಹುಲಿಯೂ ಎತ್ತಿ ಎಸೆಯಿತು. ದ್ಯಾಮವ್ವ ಬೈದಳು. ಹುಲಿ ತಿರುಗಿ ಗರ್ಜಿಸಿತು.

“ನಿಲ್ಲಿ,” ಎಂದಳು ತುಂಗಿ. “ನಾವು ಮಾಡಿದ್ದನ್ನೇ ಅದು ಮಾಡ್ತದೆ.”

ಅವಳು ಕೂತಳು. ಹುಲಿ ಕೂತಿತು. ಅವಳು ಬಾಯಿ ತೆರೆದು ದೊಡ್ಡದಾಗಿ ಆಕಳಿಸಿದಳು. ಹುಲಿ ಆಕಳಿಸಿತು. ದ್ಯಾಮವ್ವನಿಗೂ ಆಕಳಿಕೆ ಬಂತು. ತುಂಗಿ ಕೈಯನ್ನೇ ತಲೆದಿಂಬು ಮಾಡಿ ಮಲಗಿದಳು. ಹುಲಿಯೂ ಮಲಗಿತು. ಆದರೆ ಅದರ ಕಣ್ಣು ಮುಚ್ಚಲಿಲ್ಲ. ಆಗ ಗೋಡೆಯಿಂದ ಒಂದು ಕೈ ಬಂದು ಹುಲಿಯ ನೆತ್ತಿ ತಟ್ಟಿತು. ಆ ಕೈಯ ಹೆಬ್ಬೆರಳಲ್ಲಿ ಸುಟ್ಟ ಕಲೆ ಇತ್ತು. ತಿದಿ ಒತ್ತುವವರ ಕೈಗೆ ಬೀಳುವ ಕಲೆ ಅದು. ಹುಲಿ ಕಣ್ಣು ಮುಚ್ಚಿತು. ಬಾಗಿಲು ತೆರೆಯಿತು.

ಮೂವರೂ ಓಡಿದರು.

ಮೂರನೆಯ ಅಂಕಣದಲ್ಲಿ ನಾಲ್ಕು ಮರದ ಕುದುರೆ. ಮೂರು ಖಾಲಿ. ನಾಲ್ಕನೆಯದರ ಮೇಲೆ ಸಿರಿಯವ್ವ ಕೂತಿದ್ದಳು. ಅದೇ ಮುಖ, ಅದೇ ಹಸಿರು ಸೀರೆ. ಕೈಯಲ್ಲಿ ಕಂಕಣ. ಹಾಲಪ್ಪ ಸೊಂಟ ಮುಟ್ಟಿ ನೋಡಿಕೊಂಡ. ಅಲ್ಲಿ ಏನೂ ಇರಲಿಲ್ಲ.

“ಏನು ನೋಡ್ತಿದ್ದೀರಿ, ತುಂಗಿ ಅಪ್ಪಾ? ಹತ್ತಿ,” ಎಂದಳು.

ಹತ್ತಿದರು. ಕುದುರೆ ನಿಂತಲ್ಲೇ ನಿಂತಿತ್ತು, ಲೋಕ ಓಡಿತು. ಹೊಳೆ ಬಂತು, ದಾಟಿದರು. ಮೋಡ ಬಂತು, ಹಾರಿದರು. ಹಿಂದಿನಿಂದ ಹೊಗೆಯ ತೋಳಗಳು ಅಟ್ಟಿಸಿಕೊಂಡು ಬಂದವು. ಯಾರೂ ತಿರುಗಿ ನೋಡಲಿಲ್ಲ. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಗೆದ್ದದ್ದೂ ಅವರಿಗೆ ಗೊತ್ತಾಗಲಿಲ್ಲ.

ಕುದುರೆ ಇಳಿದಾಗ ಎದುರಿಗೆ ಹೊರಬಾಗಿಲು. ಅದರ ಮುಂದೆ ಮಿಂಚುಗಣ್ಣ ನಿಂತಿದ್ದ. ತೆಳ್ಳಗೆ, ಉದ್ದಕ್ಕೆ, ಕಣ್ಣಲ್ಲಿ ಮಿಂಚು.

“ನಾಲ್ವರು ಬಂದಿರಿ. ನಾಲ್ವರು ಹೋಗಬೇಕು,” ಎಂದ. “ಆದರೆ ಇವಳಿಗೆ ಮೈ ಇಲ್ಲ. ಬೆಳಕು ಹೊಸ್ತಿಲು ದಾಟಲಾರದು. ಯಾರಾದರೂ ಒಬ್ಬರು ತಮ್ಮ ಮೈಯನ್ನು ಇವಳಿಗೆ ಕೊಟ್ಟು ಗೋಡೆಯಲ್ಲಿ ಉಳಿಯಿರಿ. ಉಳಿದವರನ್ನೂ ಲೆಕ್ಕಕ್ಕೆ ಹಿಡಿಯುತ್ತೇನೆ, ಇವಳೂ ಇನ್ನಿಬ್ಬರೂ ಮನೆಗೆ ಹೋಗಬಹುದು. ಗಂಟೆ ಬಾರಿಸುವುದರೊಳಗೆ ಹೇಳಿ. ಇಲ್ಲದಿದ್ದರೆ ಎಲ್ಲರೂ ನನ್ನವರೇ.”

ಗೋಡೆಗಳು ಯಾಕೆ ಬೆಳಗುತ್ತಿದ್ದವು ಎಂದು ಹಾಲಪ್ಪನಿಗೆ ಆಗ ತಿಳಿಯಿತು. ಹುಲಿ, ತೋಳ, ಗಿಣಿ, ಎಲ್ಲರೂ ಹೀಗೇ ಉಳಿದವರು.

“ನಾನು ಉಳೀತೀನಿ,” ಎಂದಳು ದ್ಯಾಮವ್ವ. “ನನ್ನ ಆಟ ಆಯ್ತು. ನನ್ನ ಮಗಳು ಮನೆಗೆ ಹೋಗಲಿ.”

“ಬೇಡ ಅತ್ತೆ. ನಾನು ಉಳೀತೀನಿ. ಮಗೂಗೆ ತಾಯಿ ಬೇಕು.”

“ನೀನು ಸುಮ್ನಿರು. ಕುಂಟೆಬಿಲ್ಲೆ ಆಡೋಕೆ ಬರದವನು ಗೋಡೇಲಿ ನಿಂತು ಏನು ಮಾಡ್ತೀಯ?”

ಅವರು ಜಗಳವಾಡುತ್ತಿರುವಾಗ ತುಂಗಿ ತಾಯಿಯ ಮುಂದೆ ಹೋಗಿ ನಿಂತಳು.

“ಅವ್ವಾ, ಜಡೆ ಹೆಣೆಯುವಾಗ ನನ್ನ ಕಿವೀಲಿ ಒಂದು ಹೆಸರು ಕರೀತಿದ್ದೆಯಲ್ಲ. ಈಗ ಕರಿ.”

ಸಿರಿಯವ್ವ ನಕ್ಕಳು. ಹಾಲಪ್ಪನ ಕಡೆ ನೋಡಿದಳು. “ತುಂಗಿ ಅಪ್ಪಾ, ಏನದು? ನೀವೇ ಹೇಳಿ.”

ಹಾಲಪ್ಪನಿಗೆ ಗೊತ್ತಿರಲಿಲ್ಲ.

ದ್ಯಾಮವ್ವನ ಮುಖ ಬದಲಾಯಿತು. ಹತ್ತಿರ ಬಂದಳು. “ಏಳು ವರ್ಷದವಳಿದ್ದಾಗ ಬಾವಿಕಟ್ಟೆ ಹತ್ತಿ ಬಿದ್ದೆಯಲ್ಲೇ. ಯಾಕೆ ಹತ್ತಿದ್ದೆ?”

ಸಿರಿಯವ್ವ ಮತ್ತೆ ಹಾಲಪ್ಪನ ಕಡೆ ನೋಡಿದಳು.

“ಅಪ್ಪಂಗೆ ಗೊತ್ತಿರೋದಷ್ಟೇ ಇವಳಿಗೆ ಗೊತ್ತು,” ಎಂದಳು ತುಂಗಿ. “ಇವಳು ಅಪ್ಪನ ನೆನಪು. ನನ್ನ ಅವ್ವ ಇಷ್ಟೇ ಅಲ್ಲ.”

ಹಾಲಪ್ಪ ಹೆಂಡತಿಯ ಕೈ ಹಿಡಿಯಲು ಹೋದ. ಕಂಕಣ ಸಿಕ್ಕಿತು, ಕೈ ಸಿಗಲಿಲ್ಲ. ಬೆರಳ ಗೆಣ್ಣಿನಿಂದ ಕಂಕಣ ತಟ್ಟಿದ. ಡಬ್ ಎಂದಿತು. ಹೋಗಿ ಬಾಗಿಲು ತಟ್ಟಿದ. ಅಷ್ಟು ದೊಡ್ಡ ಕಬ್ಬಿಣದ ಬಾಗಿಲು. ಅದೂ ಡಬ್ ಎಂದಿತು. ಅದರಲ್ಲಿ ಕಬ್ಬಿಣವೇ ಇರಲಿಲ್ಲ. ಅದನ್ನು ಹಿಡಿದು ನಿಲ್ಲಿಸಿದ್ದು ಅವನು ಬೆಳಿಗ್ಗೆ ಗಿಣಿಗೆ ಆಡಿದ ‘ನಾಲ್ವರು’ ಎಂಬ ಒಂದು ಮಾತು.

ಮಿಂಚುಗಣ್ಣ ಬೆದರಿದ. “ನಾಲ್ಕು ಅಂತಲೇ ಇರಲಿ ಕಣಪ್ಪ,” ಎಂದ ಮೆತ್ತಗೆ. “ವರ್ಷದಿಂದ ಹಾಗೇ ತಾನೆ ತಟ್ಟೆ ಇಡ್ತಿದ್ದೀಯ?”

ಹಾಲಪ್ಪ ಅವನ ಕಡೆ ನೋಡಲಿಲ್ಲ. ಸಿರಿಯವ್ವನ ಎದುರು ನಿಂತ.

“ಈಗ ತಿದಿ ತುಂಗಿ ಒತ್ತುತ್ತಾಳೆ,” ಎಂದ. “ಬೆಂಕಿ ಆರಿಲ್ಲ.”

“ಗೊತ್ತು,” ಎಂದಳು ಸಿರಿಯವ್ವ.

ಅದು ಅವನಿಗೆ ಗೊತ್ತಿತ್ತು. ಅದಕ್ಕೇ ಅವಳಿಗೂ ಗೊತ್ತಿತ್ತು. ಅಷ್ಟು ಸಾಕಾಯಿತು.

ಸಂಜೆಯ ಗಂಟೆಯ ಹಗ್ಗ ಅಲುಗಿತು. ಹಾಲಪ್ಪ ಎಲ್ಲರಿಗೂ ಕೇಳುವಂತೆ ಹೇಳಿದ.

“ನಾವು ಮೂವರು. ನನ್ನ ಹೆಂಡತಿ ತೀರಿಕೊಂಡಳು. ಹೋದ ಮಾಗಿಯಲ್ಲಿ.”

ನಾಲ್ಕನೆಯ ಕಂಕಣ ಟಪ್ಪೆಂದು ನೆಲಕ್ಕೆ ಬಿತ್ತು. ಸಿರಿಯವ್ವನಿದ್ದ ಕಡೆ ಗಾಳಿ ಬೆಚ್ಚಗಿತ್ತು. ಬಾಗಿಲು ಹಪ್ಪಳದಂತೆ ಮುರಿಯಿತು. ಗೋಡೆಗಳು ಬಿರಿದು ಒಳಗಿದ್ದವರೆಲ್ಲ ತಮ್ಮ ತಮ್ಮ ಮೈ ಮರಳಿ ಪಡೆದು, ಕಣ್ಣುಜ್ಜಿಕೊಂಡು ಹೊರಬಂದರು. ಹುಲಿ ಒಬ್ಬ ಮುದುಕ ಕುಂಬಾರನಾದ. ಸತ್ತ ಮಗನನ್ನು ಲೆಕ್ಕಕ್ಕೆ ಸೇರಿಸಿ, ಅವನಿಗಾಗಿ ಗೋಡೆಯಲ್ಲಿ ಉಳಿದವನು ಅವನು. ಬಾಗಿಲ ಗಿಣಿ ಒಬ್ಬ ಹೆಂಗಸಾದಳು. ಗಂಡನನ್ನು ಲೆಕ್ಕಕ್ಕೆ ಸೇರಿಸಿದ್ದವಳು. ಸುಳ್ಳು ಲೆಕ್ಕವೇ ಮಿಂಚುಗಣ್ಣನ ಎಣ್ಣೆ. ಎಣ್ಣೆ ತೀರಿತು. ಅವನು ಕುಗ್ಗಿ ಕುಗ್ಗಿ ಒಂದು ಕಿಡಿಯಾದ. ದ್ಯಾಮವ್ವ ಒಂಟಿಕಾಲಲ್ಲಿ ಹಾರಿ ಆ ಕಿಡಿಯ ಮೇಲೆ ನಿಂತಳು.

“ಇದೊಂದು ಕೆಂಪು ನಾನೇ ತುಳಿದೆ,” ಎಂದಳು.

ಹೊರಗೆ ಇನ್ನೂ ಸಂಜೆಯ ಬಿಸಿಲಿತ್ತು. ಸುದ್ದಿ ಕೇಳಿ ರಾಜ ಓಡಿಬಂದ. ಅರಮನೆಗೆ ನೂರು ಕಿಟಕಿ ಇಡಿಸಿದ. ಅಂದಿನಿಂದ ರಾಜ್ಯದ ಮಕ್ಕಳು ಅಲ್ಲಿ ಕುಂಟೆಬಿಲ್ಲೆ ಆಡುತ್ತಾರೆ. ಬಾಗಿಲಲ್ಲಿ ಲೆಕ್ಕ ಕೇಳುವವರಿಲ್ಲ.

ಮನೆಯ ದಾರಿಯಲ್ಲಿ ತುಂಗಿ ಅಪ್ಪನ ಹೆಗಲ ಮೇಲೆ ಕೂತಿದ್ದಳು. ಬಗ್ಗಿ ಅವನ ಕಿವಿಯಲ್ಲಿ ಹೇಳಿದಳು, “ಬೆಲ್ಲದ ಇರುವೆ.”

“ಏನು?”

“ಅವ್ವ ನನ್ನ ಹಾಗೆ ಕರೀತಿದ್ಲು.”

ಹಾಲಪ್ಪನಿಗೆ ನಗು ಬಂತು, ಅಳುವೂ ಬಂತು. “ಬಾವಿಕಟ್ಟೆ ಯಾಕೆ ಹತ್ತಿದ್ದಳು, ಅತ್ತೆ?”

“ನೀರಿನೊಳಗೆ ಒಬ್ಬ ಹುಡುಗಿ ಇದಾಳೆ, ಅವಳಿಗೆ ಯಾರೂ ಉಣ್ಣೋಕೆ ಕೊಟ್ಟಿಲ್ಲ ಅಂತ. ಕೈಲಿ ರೊಟ್ಟಿ ಹಿಡ್ಕೊಂಡೇ ಬಿದ್ದಿದ್ಲು, ಹುಚ್ಚಿ.”

ಹಾಲಪ್ಪ ತನಗೆ ಗೊತ್ತಿದ್ದದ್ದನ್ನು ಹೇಳಿದ. ಮನೆ ಮುಟ್ಟುವವರೆಗೂ ಹೇಳಿದ. ಅಷ್ಟು ಮಾತು ಅವನು ಯಾವತ್ತೂ ಆಡಿರಲಿಲ್ಲ.

ಮನೆಗೆ ಬಂದು ಹಾಲಪ್ಪ ಮೂರು ತಟ್ಟೆ ಇಟ್ಟ. ಮೂರೇ ಇಟ್ಟ. ದ್ಯಾಮವ್ವ ಅದನ್ನು ನೋಡಿ, ಗೂಡಿಗೆ ಕೈ ಹಾಕಿ ನಾಲ್ಕನೆಯ ತಟ್ಟೆ ತೆಗೆದಳು. ಹುಲಿಯಾಗಿದ್ದ ಕುಂಬಾರ ಹೋಗಲು ಮನೆಯಿಲ್ಲದೆ ಅವರ ಹಿಂದೆಯೇ ಬಂದು ಜಗಲಿಯಲ್ಲಿ ನಿಂತಿದ್ದ.

“ಒಳಗೆ ಬಾರಪ್ಪ,” ಎಂದಳು. “ಆಕಳಿಸಿದ್ದು ಸಾಕು. ಉಣ್ಣು.”

ಆ ತಟ್ಟೆ ಮತ್ತೆ ಗೂಡಿಗೆ ಹೋಗಲಿಲ್ಲ. ಅವರೆಲ್ಲ ಬಹಳ ಕಾಲ ಸುಖವಾಗಿದ್ದರು. ಕತೆ ಕೇಳಿದ ನಿಮ್ಮ ಮನೆಯ ಪಾತ್ರೆಯೂ ತಟ್ಟಿದಾಗ ಠಣ್ ಎನ್ನಲಿ.